ಅಜ್ಜಿ ಸಾಲಿಗೆ ಹೋದ ಊರು

ಬಿಸಿಲಿಗೆ ಕಾದ ಶಹಾಬಾದಿ ಕಲ್ಲಿನ ಮೇಲೆ ಯಾರಾದರೂ ಒಂದು ತಂಬಿಗೆ ನೀರು ಚೆಲ್ಲಿದರೆ ಒಂದು ವಾಸನೆ ಏಳುತ್ತದೆ. ಮಣ್ಣಿನ ವಾಸನೆಯಲ್ಲ ಅದು. ಅದಕ್ಕಿಂತ ತೆಳುವಾದದ್ದು, ತುಸು ಸುಣ್ಣ ಬೆರೆತಂಥದ್ದು, ಮೂಗಿಗೆ ಬಂದಷ್ಟೇ ಬೇಗ ಆರಿಹೋಗುವಂಥದ್ದು. ಎಲ್ಲಿದ್ದರೂ ಆ ವಾಸನೆ ಬಂದರೆ ನಾನು ಸೇಡಂನ ನಮ್ಮ ಬಾಡಿಗೆ ಮನೆಯ ಅಂಗಳಕ್ಕೆ ಹೋಗಿಬಿಡುತ್ತೇನೆ. ನೆಲಕ್ಕೂ ಗೋಡೆಗೂ ತಲೆಯ ಮೇಲಿನ ಮಾಳಿಗೆಗೂ ಅದೇ ನೀಲಿ-ಬೂದು ಕಲ್ಲು. ಸಂಜೆ ಅಪ್ಪ ಬಾವಿಯ ನೀರು ಸೇದಿ ತಂದು ಅಂಗಳಕ್ಕೆ ಎರಚುತ್ತಿದ್ದ. ಕಲ್ಲು ಒಂದು ಕ್ಷಣ ಕಪ್ಪಾಗಿ ಮತ್ತೆ ಬೆಳ್ಳಗಾಗುವುದನ್ನು ನಾನು ಕುಕ್ಕರಗಾಲಲ್ಲಿ ಕುಳಿತು ನೋಡುತ್ತಿದ್ದೆ. ನಿಮಗೂ ಇಂಥ ಒಂದು ಮನೆ ಇದ್ದಿರಬಹುದು, ಈಗ ಹುಡುಕಿಕೊಂಡು ಹೋದರೆ ಸಿಗದಂಥದ್ದು.

ಅದಕ್ಕೂ ಮೊದಲು ನಾವು ಹೈದರಾಬಾದಿನ ಅಂಚಿಗಿದ್ದ ಮಲಕಪೇಟೆಯಲ್ಲಿದ್ದೆವು. ಅಪ್ಪ ಒಂದು ಕಾರ್ಖಾನೆಯ ಕಚೇರಿಯಲ್ಲಿ ಗುಮಾಸ್ತ. ಅವ್ವ ಮನೆಯಲ್ಲೇ ಓದಿಕೊಂಡು ಕನ್ನಡದ ಪರೀಕ್ಷೆಗಳನ್ನು ಪಾಸು ಮಾಡಿದ್ದಳು. ಅಪ್ಪನ ತಾಯಿ, ನಮ್ಮ ಅಜ್ಜಿ, ಮಡಿ ಹೆಂಗಸು. ಬೋಳಿಸಿದ ತಲೆಯ ಮೇಲೆ ಕೆಂಪು ಸೀರೆಯ ಸೆರಗು, ಕೈಯಲ್ಲಿ ಸದಾ ಒಂದು ಜಪಮಾಲೆ. ಮನೆಯಲ್ಲಿ ನಲ್ಲಿಯಿತ್ತು, ಕರೆಂಟಿತ್ತು, ಓಣಿಯ ಕೊನೆಗೆ ಬಸ್ಸು ಬಂದು ನಿಲ್ಲುತ್ತಿತ್ತು. ಸೇಡಂ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ ಆಗ ಕೆಲವೇ ವರ್ಷಗಳಾಗಿದ್ದವು. ಅಲ್ಲಿ ಹೆಣ್ಣುಮಕ್ಕಳಿಗೆಂದು ಹೊಸದಾಗಿ ಒಂದು ಕನ್ನಡ ಶಾಲೆ ತೆರೆದಿದ್ದರು, ಕಲಿಸುವವರು ಸಿಗುತ್ತಿರಲಿಲ್ಲ. ಆ ಕೆಲಸ ಅವ್ವನಿಗೆ ಬಂತು. ಗಂಡ ಒಂದು ಊರಿನಲ್ಲಿ ದುಡಿಯುವಾಗ ಹೆಂಡತಿಗೆ ಇನ್ನೊಂದೂರಿನಲ್ಲಿ ಕೆಲಸ ಸಿಕ್ಕರೆ ಆ ಮಾತು ಅಲ್ಲಿಗೇ ಮುಗಿಯುತ್ತಿದ್ದ ಕಾಲ ಅದು. ಅವ್ವ ಕೂಡ ಮುಗಿಯಿತೆಂದೇ ತಿಳಿದು ರೊಟ್ಟಿ ತಟ್ಟುತ್ತ ಕೂತಿದ್ದಳು. ಅಪ್ಪ ಊಟ ಮುಗಿಸಿ ಕೈ ತೊಳೆದುಕೊಂಡು ಬಂದು, "ಹೋಗೋಣು. ನನ್ನ ಕೆಲಸ ಯಾರರೆ ಮಾಡ್ತಾರ. ಆಕಿ ಕೆಲಸ ಆಕಿನೇ ಮಾಡಬೇಕು" ಅಂದ. ಅಜ್ಜಿಯ ಜಪ ನಿಂತಿತು. "ಹೆಂಡತಿ ನೌಕರಿ ಸಲುವಾಗಿ ಗಂಡ ನೌಕರಿ ಬಿಡ್ತಾನಂತ! ಮಂದಿ ಮುಂದ ಮಾರಿ ಹೆಂಗ ತೋರಸ್ಲಿ ನಾ? ಬರ್ತೀನಿ, ನಿನ್ನ ಬಿಟ್ಟು ಎಲ್ಲಿರ್ಲಿ? ಆದ್ರ ಆ ಊರಾಗ ನಾ ಹೊಸ್ತಿಲಾ ದಾಟಂಗಿಲ್ಲ, ನೆನಪಿಟ್ಕೋ." ಅವ್ವ ಒಲೆಯ ಕಡೆಗೆ ಮುಖ ತಿರುಗಿಸಿಕೊಂಡಳು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ಕಾಣಲಿಲ್ಲ.

ರೈಲು ತಾಂಡೂರು ದಾಟಿದ ಮೇಲೆ ನಾನು ಕಿಟಕಿಯಿಂದ ಕದಲಲಿಲ್ಲ. ಭೂಮಿ ಅಷ್ಟು ದೂರದವರೆಗೆ ಹರಡಿಕೊಂಡಿರಬಲ್ಲದೆಂದು ನನಗೆ ಗೊತ್ತೇ ಇರಲಿಲ್ಲ. ಮಲಕಪೇಟೆಯಲ್ಲಿ ಆಕಾಶವೆಂದರೆ ಎರಡು ಮಾಳಿಗೆಗಳ ನಡುವಿನ ಒಂದು ಪಟ್ಟಿ. ಇಲ್ಲಿ ಅದು ನಾಲ್ಕೂ ದಿಕ್ಕಿಗೆ ನೆಲದವರೆಗೆ ಇಳಿದು ಬಂದಿತ್ತು. ಕಪ್ಪು ಹೊಲಗಳ ನಡುನಡುವೆ ಕಲ್ಲಿನ ಗಣಿಗಳು, ಪುಸ್ತಕಗಳಂತೆ ಒಂದರ ಮೇಲೊಂದು ಪೇರಿಸಿಟ್ಟ ಕಲ್ಲಿನ ಹಾಸುಗಳು. ಸ್ಟೇಷನ್ನಿನಲ್ಲಿ ಇಳಿದಾಗ ನಮ್ಮ ಜೊತೆ ಇಳಿದವರು ಬೆರಳೆಣಿಕೆಯ ಮಂದಿ. ರೈಲು ಹೋದ ಮೇಲೆ ಒಂದು ಸದ್ದಿಲ್ಲದ ಸದ್ದು ಕಿವಿಗೆ ಬಂತು. ನಾನು ಹೆದರಿ ಅಪ್ಪನ ಧೋತರ ಹಿಡಿದುಕೊಂಡೆ. ಅಪ್ಪ ತಾನೂ ಸುತ್ತ ನೋಡುತ್ತ ಮೆಲ್ಲನೆ, "ಎಷ್ಟ ದೊಡ್ಡದದ ನೋಡು" ಅಂದ. ಯಾವುದು ಅಂತ ಹೇಳಲಿಲ್ಲ.

ನಮಗೆ ಮನೆ ಕೊಟ್ಟವಳು ಶರಣಮ್ಮ. ಪಕ್ಕದ ದೊಡ್ಡ ಮನೆ ಅವಳದೇ. ಗಂಡ ತೀರಿಕೊಂಡ ಮೇಲೆ ಹತ್ತಿರದ ಮುಧೋಳದ ಕಡೆಗಿದ್ದ ಹೊಲವನ್ನು ತಾನೇ ನಿಂತು ಮಾಡಿಸುತ್ತಿದ್ದ ಗಟ್ಟಿ ಹೆಂಗಸು. ಅವಳ ಮೊಮ್ಮಗಳು ಮಹಾದೇವಿ ನನ್ನ ವಯಸ್ಸಿನವಳು. ಅಪ್ಪ ತಹಶೀಲ ಕಚೇರಿಯ ಮುಂದಿನ ಬೇವಿನ ಗಿಡದ ಕೆಳಗೆ ಕುಳಿತು, ಹಳೆಯ ಉರ್ದು ಕಾಗದಗಳನ್ನು ಹಿಡಿದು ಬಂದವರಿಗೆ ಅದರಲ್ಲಿ ಏನಿದೆಯೆಂದು ಕನ್ನಡದಲ್ಲಿ ಓದಿ ಹೇಳುವ ಕೆಲಸ ಹಿಡಿದ. ಬೆಳಗ್ಗೆ ನೀರು ತರುವುದು, ನನಗೆ ಜಡೆ ಹಾಕುವುದು ಅವನ ಪಾಲಿಗೇ ಬಂತು. ಬಾವಿಯ ಹತ್ತಿರ ಗಂಡಸರು ನಕ್ಕರೆ ಅವನೂ ಅವರ ಜೊತೆ ನಗುತ್ತಿದ್ದ. ಅಜ್ಜಿ ಮಾತ್ರ ತನ್ನ ಮಾತಿಗೆ ಕಟ್ಟುಬಿದ್ದು ಒಳಗೇ ಇದ್ದಳು. ತಿಂಗಳುಗಳು ಕಳೆದರೂ ಅವಳಿಗೆ ಸೇಡಂ ಎಂದರೆ ಒಂದು ಕಿಟಕಿಯಲ್ಲಿ ಕಾಣುವಷ್ಟೇ.

ಶಾಲೆಗೆ ಹುಡುಗಿಯರೇ ಬರಲಿಲ್ಲ. ಹಳೆಯ ಧರ್ಮಶಾಲೆಯೊಂದರ ಪಡಸಾಲೆಯಲ್ಲಿ ಚಾಪೆ ಹಾಸಿದ್ದರು. ಅದರ ಮೇಲೆ ನಾನೊಬ್ಬಳು, ಪೋಸ್ಟ್‌ಮ್ಯಾನನ ಮಗಳೊಬ್ಬಳು. ಅವ್ವ ಮನೆಮನೆಗೆ ಹೋಗಿ ಕೇಳಿದಳು. ಶರಣಮ್ಮ ತನ್ನ ಕಟ್ಟೆಯ ಮೇಲೆ ಕೂತು ತೊಗರಿ ಹಸನು ಮಾಡುತ್ತ ಅಂದಳು: "ಹೆಣ್ಣು ಹುಡುಗಿ ಕಲ್ತು ತಹಶೀಲ್ದಾರಕಿ ಮಾಡ್ತಾಳೇನ್ರಿ ಅಕ್ಕೋರೆ? ಹೊಲದಾಗ ಕಳೇವು ತೆಗೀಲಾಕ ಕೈ ಬೇಕು ನಮಗ." ಕೊನೆಗೆ ಮೇಲಿನ ಅಧಿಕಾರಿಗಳು ಬಂದು ನೋಡಿ, ದೀಪಾವಳಿಯೊಳಗೆ ಮಕ್ಕಳು ಕೂಡದಿದ್ದರೆ ಶಾಲೆ ಮುಚ್ಚುವುದಾಗಿ ಹೇಳಿ ಹೋದರು. ಆವತ್ತು ಅವ್ವ ಸಂಜೆಯ ದೀಪ ಹಚ್ಚಿ ಅದರ ಮುಂದೆಯೇ ಸುಮ್ಮನೆ ಕೂತುಬಿಟ್ಟಳು. ಅಪ್ಪನಿಗೆ ಹೈದರಾಬಾದಿನ ಕೆಲಸ ಮತ್ತೆ ಸಿಗುವಂತಿರಲಿಲ್ಲ. "ನಿಮ್ಮನ್ನ ಸುಮ್ನ ಇಲ್ಲಿಗೆ ಎಳಕೊಂಡು ಬಂದೆ" ಅಂದಳು ಅವ್ವ. ಅಪ್ಪ ಎದ್ದು ದೀಪದ ಬತ್ತಿ ಏರಿಸಿದ. ಒಳಗಿನ ಕೋಣೆಯಲ್ಲಿ ಅಜ್ಜಿಯ ಮಣಿಗಳು ಸರಿಯುವ ಸದ್ದು ನಿಂತಿತ್ತು.

ಮರುದಿನ ಬೆಳಗ್ಗೆ ಅಜ್ಜಿ ಸ್ನಾನ, ಪೂಜೆ ಮುಗಿಸಿ, ಒಗೆದ ಕೆಂಪು ಸೀರೆಯುಟ್ಟು, ನಾನು ಬರೆಯುವ ಪಾಟಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲಿಗೆ ಬಂದಳು. ಹೊಸ್ತಿಲ ಮುಂದೆ ತುಸು ನಿಂತಳು. ಆಮೇಲೆ ದಾಟಿದಳು. ನಾನು ಹಿಂದಿನಿಂದ ಓಡಿದೆ. ಕಟ್ಟೆಯ ಮೇಲಿದ್ದ ಶರಣಮ್ಮ ದಿಗ್ಗನೆ ಎದ್ದಳು.

"ಎಲ್ಲಿಗಿ ಹೊಂಟೀರಿ ಅವ್ವಾರೆ?"

"ಸಾಲಿಗಿ."

"ಸಾಲಿಗ್ಯಾ? ಯಾಕ್ರಿ?"

"ಓದ್ಲಿಕ್ಕೆ ಬರಂಗಿಲ್ಲ ನಂಗ. ನಿಮಗ ಬರ್ತದೇನ್ರಿ?"

ಓಣಿಯ ಬಾಗಿಲುಗಳೆಲ್ಲ ತೆರೆದುಕೊಂಡವು. ಮಡಿ ಅಜ್ಜಿಯೊಬ್ಬಳು ಪಾಟಿ ಹಿಡಿದು ನಡುಬೀದಿಯಲ್ಲಿ ನಡೆದು ಹೋಗುವುದನ್ನು ಆ ಊರು ಕಂಡಿರಲಿಲ್ಲ. ಪಡಸಾಲೆಗೆ ಬಂದಾಗ ಅವ್ವ ಕುರ್ಚಿಯಿಂದ ಎದ್ದು ಗೋಡೆಗೆ ಸರಿದು ನಿಂತಳು. ಅತ್ತೆಯ ಎದುರು ಅವಳು ಎಂದೂ ಕೂತವಳಲ್ಲ. ಅಜ್ಜಿ ಚಾಪೆಯ ಮೇಲೆ ನನ್ನ ಪಕ್ಕ ಕುಳಿತು, "ಕುಂದ್ರು. ಮನ್ಯಾಗ ನೀ ಸೊಸಿ. ಇಲ್ಲಿ ನೀ ಅಕ್ಕೋರು, ನಾ ಹುಡುಗಿ" ಅಂದಳು. ಅವ್ವ ಕೂರಲಿಲ್ಲ. ಹಲಗೆಯ ಕಡೆ ತಿರುಗಿ ಬಹಳ ಹೊತ್ತು ತೆಗೆದುಕೊಂಡು ಒಂದು 'ಅ' ಬರೆದಳು.

ಮೊದಮೊದಲು ಊರಿನ ಹುಡುಗಿಯರು ಕಂಬದ ಮರೆಯಲ್ಲಿ ನಿಂತು ಕಿಸಕ್ಕನೆ ನಗುತ್ತಿದ್ದರು. ಅಜ್ಜಿ ಅವರತ್ತ ನೋಡುತ್ತಿರಲಿಲ್ಲ. ಅವಳ ಬಳಪ ಪಾಟಿಯ ಮೇಲೆ ಕಿರ್ ಎನ್ನುತ್ತ, ಎಡವುತ್ತ ಮುಂದೆ ಹೋಗುತ್ತಿತ್ತು. ಒಂದು ಮಧ್ಯಾಹ್ನ ಅವಳು ಮೆಲ್ಲಗೆ ಅವ್ವನನ್ನು ಕೇಳಿದಳು: "ನಿನ್ನ ಮಾವನ ಹೆಸರು ಹೆಂಗ ಬರೀತಾರ, ತೋರಸು." ಅಜ್ಜನ ಹೆಸರು ಗುರುನಾಥ. ಗಂಡನ ಹೆಸರನ್ನು ಹೆಂಗಸರು ಬಾಯಲ್ಲಿ ಹೇಳುತ್ತಿರಲಿಲ್ಲ. ಮದುವೆಯಾದಾಗ ಅಜ್ಜಿ ನನ್ನಷ್ಟೇ ಇದ್ದಳಂತೆ; ಅಂದಿನಿಂದ ಅವನಿದ್ದಾಗಲೂ ಹೋದ ಮೇಲೂ ಆ ಹೆಸರು ಅವಳ ನಾಲಿಗೆಯ ಮೇಲೆ ಬಂದಿರಲಿಲ್ಲ. "ಬಾಯಲೆ ಅನ್ನಬಾರದು. ಕೈಲೆ ಬರಿಬಾರದಂತ ಯಾರೂ ಹೇಳಿಲ್ಲಲ್ಲ" ಅಂದಳು. ಅವ್ವ ಅವಳ ಕೈ ಹಿಡಿದು ತಿದ್ದಿಸಿದಳು. ಆಮೇಲೆ ಅಜ್ಜಿ ತಾನೇ ಬರೆದಳು, 'ಗುರುನಾಥ'. 'ಥ'ದ ಹೊಟ್ಟೆ ಸೊಟ್ಟಗಾಗಿತ್ತು. ಬರೆದು ಪಾಟಿಯನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತ ಕೂತಳು. ಅವಳ ಮುಖದಲ್ಲಿ ಆಗ ಬಂದದ್ದನ್ನು ನಾನು ಯಾರ ಮುಖದಲ್ಲೂ ಮತ್ತೆ ಕಂಡಿಲ್ಲ. ಪಾಟಿ ನನ್ನದೇ ಆಗಿದ್ದರೂ ಒರೆಸಲು ಕೇಳುವ ಧೈರ್ಯ ಬರಲಿಲ್ಲ.

ಅಜ್ಜಿ ಆ ಪಾಟಿಯನ್ನು ಒರೆಸದೆ ಮನೆಗೆ ತಂದಳು. ಶರಣಮ್ಮ ಕಟ್ಟೆಯಿಂದ ಇಳಿದು ಬಂದು ಬಗ್ಗಿ ನೋಡಿದಳು.

"ಇದೇನ್ರಿ ಅವ್ವಾರೆ?"

"ನಮ್ಮ ಮನಿಯವ್ರು."

ಶರಣಮ್ಮ ಕೈ ಚಾಚಿದವಳು ಮುಟ್ಟದೆ ಹಿಂದೆ ತೆಗೆದಳು. "ನಮ್ಮವರ ಹೆಸರೂ ಬರಿಲಾಕ ಬರ್ತದೇನ್ರಿ?" ಅಂದಳು. "ಬರದೆ ಏನು? ಎಲ್ಲಾರ ಹೆಸರೂ ಬರ್ತದ." ಮರುದಿನ ಮಹಾದೇವಿ ಎಣ್ಣೆ ಹಚ್ಚಿದ ತಲೆ ಬಾಚಿಕೊಂಡು ಚಾಪೆಯ ಮೇಲೆ ಬಂದು ಕೂತಳು. "ಈಕಿ ಕಲ್ತು ನಂಗ ತೋರಸ್ಲಿ ಅಂತ ಕಳಿಸೀನ್ರಿ ಅಕ್ಕೋರೆ" ಎಂದು ಶರಣಮ್ಮ ಬಾಗಿಲಲ್ಲೇ ನಿಂತು ಹೇಳಿ ಹೋದಳು. ಶರಣಮ್ಮ ಕಳಿಸಿದ ಮೇಲೆ ಉಳಿದವರೂ ತಮ್ಮ ಹುಡುಗಿಯರನ್ನು ತಡೆಯಲಿಲ್ಲ. ದೀಪಾವಳಿಯ ಹೊತ್ತಿಗೆ ಚಾಪೆ ಸಾಲದೆ ಹುಡುಗಿಯರು ಬರಿಯ ಕಲ್ಲಿನ ಮೇಲೆ ಕೂರುತ್ತಿದ್ದರು. ಅವ್ವನ ಕಂಠ ಬೀದಿಯ ತುದಿಯವರೆಗೂ ಕೇಳುತ್ತಿತ್ತು. ಬೇವಿನ ಗಿಡದ ಕೆಳಗೆ ಅಪ್ಪ ಓದುವುದನ್ನು ನಿಲ್ಲಿಸಿ ಒಮ್ಮೊಮ್ಮೆ ಆ ಕಡೆ ಕಿವಿಗೊಡುತ್ತಿದ್ದನೆಂದು ಜನ ಹೇಳುತ್ತಿದ್ದರು.

ಕೆಲವು ವರ್ಷಗಳ ಮೇಲೆ ಒಂದು ಮದುವೆಗೆಂದು ಎಲ್ಲರೂ ಹೈದರಾಬಾದಿಗೆ ಹೋಗಿದ್ದೆವು. ಟಾಂಗಾದಲ್ಲಿ ಅಜ್ಜಿ ಹಿಂದೆ ನನ್ನ ಪಕ್ಕ ಕೂತು ಅಂಗಡಿಗಳ ಹಲಗೆಗಳನ್ನು ಓದಲು ಹೊರಟಳು. ತೆಲುಗಿನ ಅಕ್ಷರಗಳು, ಕೆಲವು ನಮ್ಮವೇ ಎನ್ನುವಂತಿದ್ದವು, ಕೂಡಿಸಿ ಓದಿದರೆ ಕೈಗೆ ಸಿಗುತ್ತಿರಲಿಲ್ಲ. ತುಟಿ ಆಡಿಸುತ್ತ ಎಷ್ಟೋ ದೂರ ಬಂದು, ಸೋತು ಹಿಂದಕ್ಕೊರಗಿದಳು. "ಎಲ್ಲಾ ಗುರ್ತಿನವರಂಗ ಕಾಣ್ತಾವ, ಮಾತಾಡ್ಸಿದ್ರ ಮಾತಾಡಂಗಿಲ್ಲ. ಮದವಿ ಮುಗೀಲಿ, ನಮ್ಮೂರಿಗೆ ಹೋಗಿಬಿಡೋಣು." ಅವಳ ಬಾಯಲ್ಲಿ ಸೇಡಂ 'ನಮ್ಮೂರು' ಆದದ್ದನ್ನು ಮುಂದೆ ಕೂತಿದ್ದ ಅಪ್ಪ ಅವ್ವ ಇಬ್ಬರೂ ಕೇಳಿದರು. ಯಾರೂ ತಿರುಗಿ ನೋಡಲಿಲ್ಲ.

ಅಜ್ಜಿ ಆ ಊರಿನಲ್ಲೇ ಹೋದಳು, ತೊಗರಿ ಕೊಯ್ಲಿನ ಚಳಿಯಲ್ಲಿ. ಆಮೇಲೆ ಶರಣಮ್ಮ, ಆಮೇಲೆ ಅಪ್ಪ. ನಿವೃತ್ತಿಯಾದ ಅವ್ವನನ್ನು ನಾನು ನನ್ನ ಮನೆಗೆ ಕರೆತಂದೆ. ಅವಳೂ ಹೆಚ್ಚು ದಿನ ಇರಲಿಲ್ಲ. ಅಷ್ಟರಲ್ಲಿ ಸಿಮೆಂಟಿನ ಕಾರ್ಖಾನೆಗಳು ಬಂದು ಊರು ಬೆಳೆದಿತ್ತು, ಜಾಗಕ್ಕೆ ಬೆಲೆ ಬಂದಿತ್ತು. ಒಮ್ಮೆ ವಾಡಿಗೆ ಹೋಗುವ ದಾರಿಯಲ್ಲಿ ಸೇಡಂನಲ್ಲಿ ಇಳಿದು ಓಣಿ ಹುಡುಕಿಕೊಂಡು ಹೋದೆ. ನಮ್ಮ ಮನೆಯಿದ್ದಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯಿತ್ತು. ಅಂಗಡಿಯಲ್ಲಿ ಕೂತಿದ್ದ ಹುಡುಗಿ ಕೇಳಿದಳು:

"ಯಾರ್ ಬೇಕಾಗಿತ್ರಿ?"

"ಇಲ್ಲೊಂದು ಮನಿ ಇತ್ತವ್ವಾ. ಅಕ್ಕೋರ ಮನಿ ಅಂತಿದ್ರು."

ಅವಳು ಒಳಗಿದ್ದ ತಾಯಿಯನ್ನು ಕೂಗಿ ಕೇಳಿದಳು. ತಾಯಿಗೂ ಗೊತ್ತಿರಲಿಲ್ಲ. "ಅಂಥವರು ಯಾರೂ ಇಲ್ಲಂತ್ರಿ ಇಲ್ಲಿ" ಎಂದು ಮೆತ್ತಗೆ ಹೇಳಿ, ಸ್ಟೂಲು ಎಳೆದು ನೆರಳಿಗಿಟ್ಟಳು. "ಬಿಸಿಲು ಭಾಳ ಅದ. ತುಸು ಕುಂದ್ರಿ." ಅವಳು ಹೇಳಿದಳೆಂದು ನಾನು ಸ್ವಲ್ಪ ಹೊತ್ತು ಅಲ್ಲಿ ಕೂತಿದ್ದೆ.