ದಬ್ಬಣದ ದಿನ

ನಮ್ಮ ಹೊಲಿಗೆ ಅಂಗಡಿಯಲ್ಲಿ ಕಿಟಕಿ ಪಕ್ಕದ ಜಾಗ ಇಬ್ಬರಿಗೆ ಮಾತ್ರ. ಬಟ್ಟೆ ಕತ್ತರಿಸುವ ನನಗೆ, ಕಾಜಾ ಹಾಕುವ ಅಕ್ಕನಿಗೆ. ಕಾಜಾ ಅಂದರೆ ಅಂಗಿಯಲ್ಲಿ ಗುಂಡಿ ತೂರಿಸುವ ಸೀಳು. ಅದರ ಅಂಚಿಗೆ ಒತ್ತೊತ್ತಾಗಿ ದಾರ ಸುತ್ತಿ ಬಿಗಿ ಮಾಡುವುದು ಅವಳ ಕೆಲಸ. ನನ್ನ ಕತ್ತರಿಯನ್ನು ಹೊಗಳಿದ ಗಿರಾಕಿಗಳು ಎಷ್ಟೋ ಮಂದಿ. ಕಾಜಾ ಚೆನ್ನಾಗಿದೆ ಎಂದವನೊಬ್ಬನನ್ನು ನಾನಿನ್ನೂ ಕಾಣಬೇಕು. ಅವಳು ನನಗಿಂತ ನಾಲ್ಕು ವರ್ಷ ಚಿಕ್ಕವಳು. ಇಡೀ ಅಂಗಡಿ ಕಾಜಾ ಅಕ್ಕ ಅನ್ನುತ್ತಿತ್ತು, ನಾನೂ ಅಕ್ಕ ಅಂದೆ.

ಅಕ್ಕನಿಗೆ ಸಂಧಿವಾತ. ವಯಸ್ಸಾದವರ ಮಂಡಿನೋವಲ್ಲ, ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿ ಬೀಳುವಂಥದ್ದು. ಮೂವತ್ತಕ್ಕೇ ಬಂದು ಬೆರಳ ಗೆಣ್ಣುಗಳಲ್ಲಿ ಬಿಡಾರ ಹೂಡಿತ್ತು. ದಿನಾ ಬೆಳಗ್ಗೆ "ಕೈ ಹೇಗಿದೆ?" ಎಂದು ಎಲ್ಲರೂ ಕೇಳುವುದು, ಉತ್ತರಕ್ಕೆ ಕಾಯದೆ ಮುಂದೆ ಹೋಗುವುದು. ಇದನ್ನು ನೋಡಿ ನೋಡಿ ಸಾಕಾಗಿ ಅಕ್ಕ ತಾನೇ ಒಂದು ಅಳತೆ ಮಾಡಿಕೊಂಡಳು. ಬಾಗಿಲು ದಾಟುತ್ತಲೇ "ಸಣ್ಣ ಸೂಜಿ" ಎಂದರೆ ಕೈ ಹಿಡಿತದಲ್ಲಿದೆ, ತೆಳು ಬಟ್ಟೆಯನ್ನೂ ಕೊಡಬಹುದು. "ದಪ್ಪ ಸೂಜಿ" ಎಂದರೆ ಕೋಟು, ಪ್ಯಾಂಟು ಮಾತ್ರ. "ದಬ್ಬಣ" ಎಂದರೆ ಗೋಣಿಚೀಲ ಹೊಲಿಯುವ ದಬ್ಬಣ ಬಿಟ್ಟು ಇನ್ನೇನೂ ಹಿಡಿಯಲಾಗದ ದಿನ. ಅವತ್ತು ಗುಂಡಿ ಆರಿಸುತ್ತಾ ಕೂರುವಳು. ನಮಗೂ ಅನುಕೂಲವೇ ಆಯಿತು. ಒಂದೇ ಮಾತಿನಲ್ಲಿ ಮುಗಿಯುವ ಇನ್ನೊಬ್ಬರ ಕಷ್ಟ ಯಾರಿಗೆ ಬೇಡ?

ವಾರಕ್ಕೊಮ್ಮೆ, ಬುಧವಾರ, ಅವಳೊಂದು ಮಾತ್ರೆ ನುಂಗುತ್ತಿದ್ದಳು. ಮೈಯ ಕಾವಲುಗಾರನನ್ನು ಮಲಗಿಸಿ ನೋವು ಇಳಿಸುವ ಮಾತ್ರೆ. ಅದು ಶುರುವಾದ ದಿನವೇ ನನ್ನ ಮೇಜಿನ ಹತ್ತಿರ ಬಂದಿದ್ದಳು.

"ಮಾಸ್ಟ್ರೇ, ಜ್ವರ ಬಂದ್ರೆ ಈ ಮಾತ್ರೆ ಮುಟ್ಟಬಾರದಂತೆ. ಅವತ್ತೇ ಆಸ್ಪತ್ರೆಗೆ ಬರಬೇಕಂತೆ. ತಡ ಆದ್ರೆ ಜೀವಕ್ಕೇ ಬರುತ್ತೆ ಅಂದ್ರು ಡಾಕ್ಟ್ರು. ನಾನು ಮೊಂಡಿ, ಹೋಗಲ್ಲ. ನೀವೇ ಎಬ್ಬಿಸಿ ಕಳಿಸ್ಬೇಕು."

"ಆಗಲಿ" ಎಂದೆ. ಆಗಲಿ ಎನ್ನುವುದರಲ್ಲಿ ನಾನು ಎತ್ತಿದ ಕೈ.

ಆ ವರ್ಷ ಹೊಸ ಜ್ವರ ಬಂತು. ಸೊಳ್ಳೆ ಹರಡುವ ವೈರಸ್ಸು. ಮೊದಲು ಮೈ ಸುಡುವುದು, ಆಮೇಲೆ ಕೀಲುಕೀಲೂ ಹಿಡಿದುಕೊಳ್ಳುವುದು. ಇಸ್ತ್ರಿ ಕೆಲಸಕ್ಕೆಂದು ಅಂಗಡಿಯ ಹಿಂದೆ ನೀರು ತುಂಬಿಟ್ಟ ಡ್ರಮ್ಮಿತ್ತು. ಅದರಲ್ಲಿ ಸೊಳ್ಳೆಮರಿಗಳು ಈಜುತ್ತಿದ್ದವು. ದೀಪದ ಬುಡದಲ್ಲೇ ಕತ್ತಲೆ ಎಂಬಂತೆ ನಮ್ಮಲ್ಲಿ ಮೊದಲು ಮಲಗಿದವರು ಯಜಮಾನರು. ವಾರ ಬಿಟ್ಟು ಬಂದವರು ಎರಡು ಕುರ್ಚಿ ಜೋಡಿಸಿ, ಕಾಲು ಚಾಚಿ, ಬಂದ ಗಿರಾಕಿಗೆಲ್ಲ ಬೆರಳು ತೋರಿಸತೊಡಗಿದರು.

"ನೋಡಿ, ಮಡಚೋಕಾಗಲ್ಲ. ಲೋಟ ಹಿಡಿಯೋಕಾಗಲ್ಲ. ಈ ನೋವು ನನ್ನ ಶತ್ರುಗೂ ಬೇಡ!"

ಅಕ್ಕ ದಾರಕ್ಕೆ ಮೇಣ ಉಜ್ಜುತ್ತಿದ್ದಳು. "ಶತ್ರುಗೆ ಯಾಕೆ ಯಜಮಾನ್ರೇ, ನಿಮ್ಮ ಅಂಗಡೀಲೇ ಒಬ್ಬಳಿಗೆ ಹದಿನೆಂಟು ವರ್ಷದಿಂದ ಇದೆಯಲ್ಲ."

"ನಿಂದು ಬೇರೆ ಕಣಮ್ಮ. ನಿಂಗೆ ಅಭ್ಯಾಸ ಆಗಿದೆ."

ಹದಿನೆಂಟು ವರ್ಷದ ನೋವು ಅಭ್ಯಾಸ, ಎಂಟು ದಿನದ್ದು ದೊಡ್ಡ ಕಥೆ. ನಾನೂ ನಕ್ಕೆ. ಸಂಬಳ ಕೊಡುವವರು ಹೇಳಿದ್ದಕ್ಕೆ ನಗುವುದು ನನಗೂ ಅಭ್ಯಾಸವಾಗಿತ್ತು.

ಮಾರನೆಯ ದಿನ ಯಜಮಾನರು ಕಟ್ಟಳೆ ಹೊರಡಿಸಿದರು. ಜ್ವರ ಬಂದವರು ಒಂದು ತಿಂಗಳು ಅಂಗಡಿ ಕಡೆ ತಲೆ ಹಾಕಬಾರದು. "ಮೊದಲೇ ಕಾಯಿಲೆ ಇರೋರಿಗೆ ಜ್ವರ ಬಂದ್ರೆ ಮತ್ತೆ ಬರೋದೇ ಬೇಡ, ಮನೇಲಿ ಆರಾಮಾಗಿರಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು" ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಅಕ್ಕ ಗುಂಡಿ ಡಬ್ಬಿಯಿಂದ ತಲೆ ಎತ್ತಲಿಲ್ಲ. ಡ್ರಮ್ಮು ಇದ್ದಲ್ಲೇ ಇತ್ತು.

ಸೋಮವಾರ ಅಕ್ಕ ಗೋಡೆ ಹಿಡಿದು ಬಂದಳು. "ದಬ್ಬಣ" ಎಂದಳು. ನಾವು ತಲೆಯಾಡಿಸಿದೆವು. ಮಂಗಳವಾರವೂ ದಬ್ಬಣ. ಆದರೂ ಹೋಟೆಲಿನವರ ಅಂಗಿ ಗುರುವಾರ ಕೊಡಬೇಕೆಂದು ಸೂಜಿ ಹಿಡಿದು ಕೂತಳು. ಬೆರಳು ಊದಿತ್ತು, ಅವಳದು ಯಾವತ್ತು ಊದಿರಲಿಲ್ಲ? ಬುಧವಾರ ಚೀಲದಿಂದ ಮಾತ್ರೆ ತೆಗೆದು, "ಮಾಸ್ಟ್ರೇ, ಸ್ವಲ್ಪ ನೀರು" ಎಂದಳು. ನಾನೇ ಎದ್ದು ಹೋಗಿ ಲೋಟ ತುಂಬಿಸಿ ಕೊಟ್ಟೆ. ಎಷ್ಟು ಒಳ್ಳೆಯವನು ನೋಡಿ ನಾನು!

ಗುರುವಾರ ಮಧ್ಯಾಹ್ನ ಅಂಗಿಗಳನ್ನು ಎಣಿಸಿ ಮಡಚುವಾಗ ನೋಡುತ್ತೇನೆ, ಏಳು ಅಂಗಿಗಳಲ್ಲಿ ಕಾಜಾ ಬಲಗಡೆಗಿದೆ. ಗಂಡಸರ ಅಂಗಿಗೆ ಕಾಜಾ ಎಡಕ್ಕೆ. ಇದು ಕೆಲಸಕ್ಕೆ ಸೇರಿದ ಮೊದಲ ದಿನವೇ ಕಲಿಯುವ ಪಾಠ. ಅವಳು ಹದಿನೆಂಟು ವರ್ಷದಲ್ಲಿ ಒಂದು ಸಲವೂ ತಪ್ಪಿದವಳಲ್ಲ. ಬಟ್ಟೆ ಕೆಟ್ಟಿತೆಂದು ನನಗೆ ಸಿಟ್ಟು ನೆತ್ತಿಗೇರಿತು.

"ಎಡ ಯಾವುದು ಬಲ ಯಾವುದು ಅನ್ನೋದೂ ಮರೆತುಹೋಯ್ತಾ? ಕಣ್ಣು ಎಲ್ಲಿಟ್ಟಿದ್ದೆ?"

ಅಕ್ಕ ನನ್ನನ್ನು ನೋಡಿದಳು. ಯಾರು ಮಾತಾಡುತ್ತಿದ್ದಾರೆ ಎಂದು ಹುಡುಕುವವಳ ಹಾಗೆ ನೋಡಿದಳು. ನಾನು ಅವಳ ಕೈಯಲ್ಲಿದ್ದ ಎಂಟನೇ ಅಂಗಿಯನ್ನು ಕಿತ್ತುಕೊಂಡೆ. ಆಗ ನನ್ನ ಕೈಗೆ ಅವಳ ಕೈ ತಾಗಿತು. ಇಸ್ತ್ರಿಪೆಟ್ಟಿಗೆ ಮುಟ್ಟಿದಂತಾಯಿತು.

ಇಷ್ಟು ವರ್ಷ ಪಕ್ಕದಲ್ಲೇ ಕೂತಿದ್ದರೂ ನಾನು ಆ ಕೈ ಮುಟ್ಟಿದ್ದು ಅದೇ ಮೊದಲು.

"ಜ್ವರ ಯಾವಾಗಿಂದ?"

"ದಬ್ಬಣ ಅಂದ್ನಲ್ಲ" ಎಂದಳು. ಆಮೇಲೆ ತುಂಬ ಮೆಲ್ಲಗೆ, "ಕೆಲಸದಿಂದ ತೆಗೀಬೇಡಿ ಅನ್ನಿ ಮಾಸ್ಟ್ರೇ."

ಆಟೋದಲ್ಲಿ ಕೂರಿಸಿಕೊಂಡು ಹೋದೆ. ಯಜಮಾನರು ಬಾಗಿಲ ತನಕ ಬಂದು, "ಅಯ್ಯೋ, ಜ್ವರ ಅಂತ ಒಂದ್ಮಾತು ಹೇಳಬಾರದಿತ್ತಾ?" ಎಂದು ನೊಂದುಕೊಂಡರು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಷ್ಟು ದಿನದಿಂದ ಎಂದು ಕೇಳಿದರು.

"ಸೋಮವಾರದಿಂದ ದಬ್ಬಣ" ಎಂದುಬಿಟ್ಟೆ.

"ಏನು?"

ಬಿಡಿಸಿ ಹೇಳಬೇಕಾಯಿತು. ಅಂಗಡಿಯೊಳಗೆ ಅಷ್ಟು ಚೆಂದವಾಗಿದ್ದ ಆ ಅಳತೆಯನ್ನು ಅಲ್ಲಿನ ಬೆಳಕಿನಲ್ಲಿ ಹೇಳುವಾಗ ನಾಚಿಕೆಯಾಯಿತು. ಮಾತ್ರೆ ಯಾವಾಗ ತೆಗೆದುಕೊಂಡರು ಎಂದರು. ನಿನ್ನೆ ಎಂದೆ. ನೀರು ಕೊಟ್ಟವನು ಯಾರೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಸೋಂಕು ಶ್ವಾಸಕೋಶಕ್ಕೂ ಇಳಿದಿತ್ತು. ಇವತ್ತು ರಾತ್ರಿ ದಾಟಿದರೆ ನೋಡೋಣ ಎಂದರು.

ಅವಳ ಗಂಡ ಓಡಿ ಬಂದವನು ಗೋಡೆಗೊರಗಿ ನಿಂತ. "ನೋವು ಅಂದ್ಲು ಮಾಸ್ಟ್ರೇ. ದಿನಾ ಅಂತಾಳಲ್ಲ, ಅದೇ ಅನ್ಕೊಂಡೆ" ಎಂದ. ಬೈಯೋಣ ಎಂದು ಬಾಯಿ ತೆರೆದೆ. ಯಾವ ಬಾಯಲ್ಲಿ ಬೈಯುವುದು? ಅವನೂ ನಾನೂ ಒಂದೇ ಬಟ್ಟೆ ತಾನಿನಿಂದ ಕತ್ತರಿಸಿದ ತುಂಡುಗಳು. ಅಲ್ಲಿಂದ ಅಂಗಡಿಗೆ ಬಂದವನೇ ಹಿಂದೆ ಹೋಗಿ ಡ್ರಮ್ಮನ್ನು ಉರುಳಿಸಿದೆ. ತಿಂಗಳ ಹಿಂದೆ ಮಾಡಬೇಕಿದ್ದ ಕೆಲಸ.

ಅಕ್ಕ ಬದುಕಿದಳು. ಹನ್ನೊಂದು ದಿನ ಆಸ್ಪತ್ರೆ, ಮೂರು ತಿಂಗಳು ಮನೆ. ಹಳೇ ವಾತಕ್ಕೆ ಹೊಸ ಜ್ವರದ ಕೀಲುನೋವು ಜೊತೆಯಾಗಿ ಬೆರಳುಗಳು ಸೊಟ್ಟಗಾದವು. ಸಣ್ಣ ಸೂಜಿ, ದಪ್ಪ ಸೂಜಿ ಎಲ್ಲ ಮುಗಿದವು. ಈಗ ದಬ್ಬಣವನ್ನೂ ಹಿಡಿಯಲಾರಳು. ಇತ್ತ ಅಂಗಡಿಗೆ ಕಾಜಾ ಮಷೀನು ಬಂತು. ಕಾಲಲ್ಲಿ ಪೆಡಲ್ ಒತ್ತಿದರೆ ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಕಾಜಾ. ಅಕ್ಕ ಒಂದು ಬೆಳಗ್ಗೆ ಬಂದು ನಿಂತು, "ಬಟ್ಟೆ ಜೋಡಿಸಿ ಕೊಡೋರಿದ್ರೆ ಸಾಕು. ನನ್ನ ಕಾಲು ಚೆನ್ನಾಗೇ ಇದೆ ಯಜಮಾನ್ರೇ" ಎಂದಳು.

"ಬಟ್ಟೆ ನಾನು ಜೋಡಿಸಿಕೊಡ್ತೀನಿ" ಎಂದೆ. ಆಗಲಿ ಎನ್ನುವವನು ಒಮ್ಮೆಯಾದರೂ ಮಾಡಿ ತೋರಿಸಬೇಕಲ್ಲ. ಯಜಮಾನರು ನನ್ನನ್ನೂ ಅವಳನ್ನೂ ನೋಡಿ ಗಂಟಲು ಸರಿಮಾಡಿಕೊಂಡರು.

"ಸರಿ. ಆದ್ರೆ ಒಂದು ವಿಷಯ. ಗಂಟೆಗೊಂದ್ಸಲ ಮೋಟಾರ್ ಮುಟ್ಟಿ ನೋಡ್ಬೇಕು. ಬಿಸಿ ಆಗಿದ್ರೆ ತಕ್ಷಣ ನಿಲ್ಲಿಸಿ ರೆಸ್ಟ್ ಕೊಡ್ಬೇಕು. ಸುಟ್ಟುಹೋದ್ರೆ ಮತ್ತೆ ಸಿಗಲ್ಲ." ಹೀಗೆಂದು ತಾವೇ ಅಂಗೈಯನ್ನು ಮೋಟಾರಿನ ಮೇಲಿಟ್ಟು, ಕಣ್ಣು ಮುಚ್ಚಿ, ಮಗುವಿನ ಹಣೆ ನೋಡುವಂತೆ ನೋಡಿದರು.

ಅಕ್ಕ ತನ್ನ ಸೊಟ್ಟ ಕೈಯನ್ನು ಅದರ ಪಕ್ಕದಲ್ಲಿ ಚಾಚಿದಳು.

"ಹಾಗೇ ಇದನ್ನೂ ಒಂದ್ಸಲ ಮುಟ್ಟಿಬಿಡಿ. ಇದೂ ನಿಮ್ಮ ಅಂಗಡೀದೇ."

ಯಜಮಾನರು ಅತ್ತಿತ್ತ ನೋಡಿದರು. ಯಾರೂ ನಗಲಿಲ್ಲ, ನಾನೂ ನಗಲಿಲ್ಲ. ಕೊನೆಗೆ ಎರಡು ಬೆರಳು ತಾಗಿಸಿ, "ತಣ್ಣಗಿದೆ" ಎಂದರು.

"ಹಾಗಿದ್ರೆ ಓಡಿಸಬಹುದು" ಎಂದು ಅಕ್ಕ ಪೆಡಲ್ ಮೇಲೆ ಕಾಲಿಟ್ಟಳು.

ಈಗ ಅವಳು ಬಾಗಿಲಲ್ಲಿ ಸೂಜಿಯ ಲೆಕ್ಕ ಹೇಳುವುದಿಲ್ಲ. ದಿನಾ ನೇರ ನನ್ನ ಮೇಜಿನ ಹತ್ತಿರ ಬಂದು ಕೈ ಚಾಚುತ್ತಾಳೆ. ನಾನು ಕತ್ತರಿ ಕೆಳಗಿಟ್ಟು ಮುಟ್ಟಿ ನೋಡುತ್ತೇನೆ. ಆಮೇಲೆ ಹೇಗಿದೆ ಎಂದು ಕೇಳಿ, ಅವಳು ಹೇಳಿ ಮುಗಿಸುವ ತನಕ ಕಾಯುತ್ತೇನೆ.