ಎದುರುಮನೆ ಅಕ್ಕನ ಪಾಯ

ನಾನು ಒಂದು ಅವಧಿಗೆ ಗ್ರಾಮ ಪಂಚಾಯಿತಿ ಮೆಂಬರಾಗಿದ್ದೆ. ಗೆದ್ದದ್ದು ನನ್ನ ಗುಣ ನೋಡಿ ಅಲ್ಲ. ನಮ್ಮೂರಿನ ಸೀಟು ಆ ಸಲ ಹೆಂಗಸರಿಗೆ ಬಂದಿತ್ತು, ನಮ್ಮ ಮನೆಯವರಿಗೆ ಮೆಂಬರಾಗುವ ಆಸೆ ವಿಪರೀತವಾಗಿತ್ತು. ಅರ್ಜಿಗೆ ನನ್ನ ಸಹಿ, ಮಿಕ್ಕಿದ್ದೆಲ್ಲ ತಮ್ಮದು ಎಂದು ಅವರು ಅಂದುಕೊಂಡಿದ್ದರು. ಮೊದಲ ಸಭೆಯ ದಿನ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಹೊರಟೂ ಬಿಟ್ಟರು. ಹೋಗಿ ನೋಡಿದರೆ ನಾನು ಅವರಿಗಿಂತ ಮೊದಲೇ ಬಂದು ಕುರ್ಚಿಯಲ್ಲಿ ಕೂತಿದ್ದೆ. ಅವತ್ತಿನಿಂದ ಊರು ನನ್ನನ್ನು ಮೆಂಬರಮ್ಮ ಎಂದು ಕರೆಯತೊಡಗಿತು. ಅವಧಿ ಮುಗಿದು ಎಷ್ಟೋ ದಿನವಾದರೂ ಆ ಹೆಸರು ಬಿಟ್ಟಿಲ್ಲ.

ನಮ್ಮೂರು ಯಲ್ದೂರಿನ ಆಸುಪಾಸಿನದು. ಊರ ನಡುವೆ ಜಿಲ್ಲಾ ಪಂಚಾಯಿತಿಯ ಟಾರು ರಸ್ತೆ ಹಾದುಹೋಗುತ್ತದೆ. ರಸ್ತೆಯ ಈ ಕಡೆ ನಮ್ಮ ಸಾಲಿನ ಹನ್ನೆರಡು ಮನೆಗಳು. ಆ ಕಡೆ ಉದ್ದಕ್ಕೂ ಮಾವಿನ ತೋಪಿನ ಬೇಲಿ, ಬೇಲಿಯ ನಡುವೆ ನಮ್ಮ ಮನೆಗೆ ಸರಿಯಾಗಿ ಎದುರಿಗೆ ಒಂದೇ ಒಂದು ಮನೆ. ಅದು ಅಕ್ಕನದು. ಸಂಬಂಧದಲ್ಲಿ ಅಕ್ಕನೇನಲ್ಲ, ನಾನು ಮದುವೆಯಾಗಿ ಬಂದ ದಿನದಿಂದ ಹಾಗೆ ಕರೆದು ಅಭ್ಯಾಸ. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಮಾವಿನ ಕಾಲದಲ್ಲಿ ತೋಪಿನ ಕೂಲಿ, ಬೇಸಿಗೆಯಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುವುದು, ಹೀಗೆ ಯಾರ ಹಂಗಿಲ್ಲದೆ ಬದುಕಿದ್ದಳು.

ನಮ್ಮ ಸಾಲಿನವರಿಗೆ ಒಂದು ಪದ್ಧತಿ ಇತ್ತು. ಯುಗಾದಿಗೆ ಮನೆ ಮುಂದೆ ಕೆಮ್ಮಣ್ಣು ಹಾಕಿ ತಟ್ಟಿ, ಸಾರಿಸಿ, ಬಾಗಿಲ ಮುಂದಿನ ಚಪ್ಪಡಿ ಕಲ್ಲುಗಳನ್ನು ಎತ್ತಿ ಮತ್ತೆ ಸರಿಯಾಗಿ ಕೂರಿಸುವುದು. ಎತ್ತಿದ ಕಲ್ಲು ಇದ್ದ ಜಾಗಕ್ಕೇ ಬಂದು ಕೂತದ್ದನ್ನು ಯಾರೂ ಕಂಡವರಿಲ್ಲ. ಪ್ರತಿ ಯುಗಾದಿಗೂ ನಾಲ್ಕು ಬೆರಳು ರಸ್ತೆ ಕಡೆಗೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ, ಹನ್ನೆರಡು ಮನೆಯೂ ಒಂದೇ ಸಮ. ಯಾರೊಬ್ಬರು ಐದು ಬೆರಳು ಸರಿಸಿದರೂ ಜಗಳವಾಗುತ್ತಿತ್ತು. ಕಲ್ಲಿನ ಹಿಂದೆ ಜಗಲಿ ಬೆಳೆಯಿತು, ಜಗಲಿಯ ಮೇಲೆ ಶೀಟು ಬಂತು. ಟಾರು ಹಾಕುವವರು ಬಂದಾಗಲೆಲ್ಲ ಖಾಲಿ ಉಳಿದ ಕಡೆಗೆ ಟಾರು ಹಾಕಿ ಹೋಗುತ್ತಿದ್ದರು. ಖಾಲಿ ಇದ್ದದ್ದು ಅಕ್ಕನ ಕಡೆ. ಇದೆಲ್ಲ ನನಗೆ ಗೊತ್ತಿರಲಿಲ್ಲವೇ ಎಂದರೆ, ಕಲ್ಲು ಸರಿಸುವಾಗ ಒಂದು ಕಡೆ ಕೈ ಕೊಡುತ್ತಿದ್ದವಳೇ ನಾನು. ಆದರೆ ನಾಲ್ಕು ಬೆರಳು ತಾನೆ ಎಂದುಕೊಂಡಿದ್ದೆ. ಕೂಡಿದರೆ ಎಷ್ಟಾಗುತ್ತದೆಂದು ಯಾರು ನೋಡಿದ್ದರು?

ಅಕ್ಕನ ಮನೆ ಮಣ್ಣಿನ ಗೋಡೆಯದು. ತೊಲೆ ಗೆದ್ದಲು ಹಿಡಿದು, ಒಂದು ಮೂಲೆಯ ಹೆಂಚು ಆಗಲೇ ಇಳಿದಿತ್ತು. ಗ್ರಾಮಸಭೆಯಲ್ಲಿ ಅವಳ ಹೆಸರು ಪ್ರತಿ ಸಲ ಪಟ್ಟಿಗೆ ಸೇರುವುದು, ಪ್ರತಿ ಸಲ ಹೇಗೋ ಬಿಟ್ಟುಹೋಗುವುದು. ನಾನು ಮೆಂಬರಾದ ಮೇಲೆ ಹಟ ಹಿಡಿದು, ಇಬ್ಬರು ಮೆಂಬರುಗಳ ಹತ್ತಿರ ಮಾತು ಬಿಟ್ಟು, ಅವಳಿಗೊಂದು ಸರ್ಕಾರಿ ಮನೆ ಮಂಜೂರು ಮಾಡಿಸಿದೆ. ಅದರ ನಿಯಮ ಹೀಗೆ: ಹಳೆ ಮನೆ ಕೆಡವಬೇಕು, ಪಾಯ ಹಾಕಬೇಕು, ಪಾಯದ ಮುಂದೆ ಮನೆ ಪಡೆದವರೇ ನಿಂತು ಪಂಚಾಯಿತಿಯವರ ಮೊಬೈಲಿನಲ್ಲಿ ಫೋಟೊ ತೆಗೆಸಿಕೊಳ್ಳಬೇಕು. ಹೇಳಿದ ದಿನದೊಳಗೆ ಆ ಫೋಟೊ ಹೋಗದಿದ್ದರೆ ಕಂಪ್ಯೂಟರಿನಲ್ಲಿ ಮನೆ ಬ್ಲಾಕ್ ಆಗುತ್ತದೆ. ಬ್ಲಾಕ್ ಆದ ಮನೆಯನ್ನು ಬಿಡಿಸಿಕೊಂಡು ಬಂದವರನ್ನು ನಾನು ನೋಡಿಲ್ಲ.

ಅಕ್ಕ ಮನೆ ಕೆಡವಿಸಿದಳು. ಪಕ್ಕದಲ್ಲಿ ನಾಲ್ಕು ಶೀಟು ನಿಲ್ಲಿಸಿಕೊಂಡು ಅಲ್ಲಿಗೆ ಒಲೆ ಸಾಗಿಸಿದಳು. ಹಳೆ ಮನೆ ಇದ್ದ ಜಾಗದಲ್ಲೇ ಸೈಜುಗಲ್ಲಿನ ಪಾಯ ಎದ್ದಿತು. ಇನ್ನೇನು ಫೋಟೊ ತೆಗೆಯಬೇಕು, ಅಷ್ಟರಲ್ಲಿ ರಸ್ತೆಯವರು ಬಂದರು.

ರಸ್ತೆ ಅಗಲ ಮಾಡಲು ಮಂಜೂರಾಗಿತ್ತು. ಜಿಲ್ಲಾ ಪಂಚಾಯಿತಿಯ ಜೂನಿಯರ್ ಎಂಜಿನಿಯರು, ಜೆ.ಇ. ಒಬ್ಬರು, ಟೇಪು ಹಿಡಿಸಿ, ಈಗಿರುವ ಟಾರಿನ ನಡುಮಧ್ಯದಿಂದ ಆ ಕಡೆ ಇಷ್ಟು, ಈ ಕಡೆ ಇಷ್ಟು ಎಂದು ಅಳೆಸಿ ಕೆಂಪು ಬಣ್ಣ ಬಳಿಸಿದರು. ನಮ್ಮ ಸಾಲಿನಲ್ಲಿ ಬಣ್ಣ ಜಗಲಿಗಳ ಅಂಚಿಗೆ ಸೋಕದ ಹಾಗೆ ಹೋಯಿತು. ಆ ಕಡೆ ಅಕ್ಕನ ಪಾಯದೊಳಗೆ ಮೂರು ಅಡಿ ಹೋಯಿತು. ಪಂಚಾಯಿತಿ ಪಿಡಿಒ ಬಂದು ನೋಡಿ ಮೊಬೈಲನ್ನು ಜೇಬಿಗೆ ಹಾಕಿಕೊಂಡರು.

“ರಸ್ತೇಲಿರೋ ಪಾಯದ ಫೋಟೊ ಹಾಕಿದ್ರೆ ನನ್ನನ್ನ ಮನೆಗೆ ಕಳಿಸ್ತಾರೆ ಮೇಡಂ. ಮೊದ್ಲು ಈ ಮಾರ್ಕ್ ಸರಿ ಮಾಡಿಸ್ಕೊಳ್ಳಿ” ಎಂದರು.

ಮರುದಿನ ಬೆಳಿಗ್ಗೆ ಅಕ್ಕ ಪಾಯದ ಕಲ್ಲಿಗೆಲ್ಲ ದಪ್ಪಗೆ ಸಗಣಿ ಸಾರಿಸಿ, ಮೇಲೆ ರಂಗೋಲಿ ಇಟ್ಟಿದ್ದಳು. ಜೆ.ಇ. ಬಂದು ಬಣ್ಣ ಹುಡುಕಿದರು.

“ಇಲ್ಲಿ ಮಾರ್ಕ್ ಹಾಕಿದ್ವಲ್ಲ, ಏನಾಯ್ತು?”

“ಯಾವ ಮಾರ್ಕು ಸ್ವಾಮಿ? ಶುಕ್ರವಾರ ಸಾರಿಸದೆ ಇರೋಕಾಗುತ್ತಾ?”

ಮತ್ತೆ ಬಳಿಸಿದರು. ಮಂಗಳವಾರ ಮತ್ತೆ ಸಾರಿಸಿದಳು. ಮೂರನೇ ಸಲ ಅವರು ಕಬ್ಬಿಣದ ಮೊಳೆ ಹೊಡೆಸಿ ಹೋದರು. ಅಕ್ಕ ಅದಕ್ಕೆ ಕುಂಕುಮ ಹಚ್ಚಿ ಒಂದು ಹೂವು ಸಿಕ್ಕಿಸಿದಳು. ನಮ್ಮ ಸಾಲಿನವರೆಲ್ಲ ಜಗಲಿಯ ಮೇಲೆ ಕೂತು ನಕ್ಕದ್ದೇ ನಕ್ಕದ್ದು. ನಾನೂ ನಕ್ಕೆ. ಆದರೆ ದಿನ ಮಾತ್ರ ಓಡುತ್ತಿತ್ತು, ಅಕ್ಕ ಶೀಟಿನ ಕೆಳಗೆ ಬೇಯುತ್ತಿದ್ದಳು.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಒಂದು ಮಧ್ಯಾಹ್ನ ಅವಳ ಶೀಟಿನ ನೆರಳಲ್ಲಿ ಕೂತು ಜೆ.ಇ.ಯಿಂದ ಹಿಡಿದು ಜಿಲ್ಲಾ ಪಂಚಾಯಿತಿವರೆಗೆ ಎಲ್ಲರಿಗೂ ಬೈದೆ. ಅಕ್ಕ ಹುಣಸೆಹಣ್ಣು ಕುಟ್ಟುತ್ತಾ ಸುಮ್ಮನೆ ಕೇಳಿದಳು. ನಾನು ಸುಸ್ತಾದ ಮೇಲೆ ಮೆಲ್ಲಗೆ ಬಾಯಿ ಬಿಟ್ಟಳು.

“ನಕ್ಷೆ ಅಂತ ಏನೋ ಒಂದಿರುತ್ತಂತಲ್ಲಮ್ಮೀ. ರಸ್ತೆ ಎಲ್ಲಿಂದ ಎಲ್ಲಿಗೆ ಅಂತ ಅದ್ರಲ್ಲಿ ಬರ್ದಿರುತ್ತಂತೆ. ನಂಗೇನು ಗೊತ್ತು, ಓದಿದೋಳಾ ಬರ್ದೋಳಾ.”

ಅಲ್ಲಿಂದ ಎದ್ದು ರಸ್ತೆ ದಾಟುವಷ್ಟರಲ್ಲಿ ಅದು ನನ್ನದೇ ಯೋಚನೆಯಾಗಿತ್ತು. ಸಂಜೆ ಮನೆಯವರ ಮುಂದೆ, “ನೋಡ್ತಾ ಇರಿ, ನಕ್ಷೆ ತರಿಸ್ತೀನಿ, ಎಲ್ರ ಬಣ್ಣ ಬಯಲು ಮಾಡ್ತೀನಿ” ಎಂದೆ. ಅವರು ಟೀವಿ ನೋಡುತ್ತಾ ತಲೆ ಆಡಿಸಿದರು.

ಮುಂದಿನ ಪಂಚಾಯಿತಿ ಸಭೆಗೆ ರಸ್ತೆ ಜೆ.ಇ.ಯೂ ಬಂದಿದ್ದರು. ನಾನು ಎದ್ದು ನಿಂತೆ. ಟಾರಿನ ಮಧ್ಯ ಎಂದರೆ ಯಾವ ಮಧ್ಯ, ಅದನ್ನು ಯಾರು ಗೊತ್ತು ಮಾಡಿದರು, ಒಂಟಿ ಹೆಂಗಸು ಎಂದರೆ ನಿಮಗೆ ಇಷ್ಟು ಸದರವೇ ಎಂದು ಕೇಳಿದೆ. ಎಲ್ಲರೂ ಸುಮ್ಮನೆ ಕೇಳುತ್ತಿದ್ದರು. ಜನ ಸುಮ್ಮನಿದ್ದರೆ ನನ್ನ ನಾಲಿಗೆಗೆ ಲಗಾಮು ಇರುವುದಿಲ್ಲ.

“ಗ್ರಾಮ ನಕ್ಷೆ ಪ್ರಕಾರ ಅಳೀರಿ. ನಕ್ಷೆ ಪ್ರಕಾರ ನನ್ನ ಮನೇನೇ ಹೋದ್ರೂ ಚಿಂತೆ ಇಲ್ಲ” ಎಂದುಬಿಟ್ಟೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ಮಾತು ಮೀರಿ ಹೋಗಿದ್ದರೆ ತಿದ್ದಿ ಬರೆಯುವುದು ಪಿಡಿಒ ಅವರ ಒಳ್ಳೆಯ ಗುಣ. ಅವತ್ತು ಮಾತ್ರ ಒಂದಕ್ಷರ ಬಿಡದೆ ನಡವಳಿ ಪುಸ್ತಕದಲ್ಲಿ ಬರೆದರು. ನಾನು ಹೆಮ್ಮೆಯಿಂದ ಸಹಿ ಹಾಕಿದೆ.

ಶ್ರೀನಿವಾಸಪುರದಿಂದ ಸರ್ವೆಯವರು ಬಂದ ದಿನ ನಾನು ಮನೆಮುಂದೆ ನೀರು ಚಿಮುಕಿಸಿ, ಕಾಫಿ ಲೋಟ ಹಿಡಿದು ಜಗಲಿಯ ಮೇಲೆ ಕೂತಿದ್ದೆ. ಪಕ್ಕದಲ್ಲಿ ಗೋಡೆಗೊರಗಿ ನಮ್ಮ ಅತ್ತೆ ಎಲೆ ಅಡಿಕೆ ಕುಟ್ಟುತ್ತಿದ್ದರು. ಜಗಲಿಯ ಆ ಮೂಲೆಯಲ್ಲಿ ಗೇಣುದ್ದದ ಒಂದು ಕಲ್ಲು ಮೇಲಕ್ಕೆ ಚಾಚಿಕೊಂಡಿತ್ತು. ಅಡಿಕೆ ಕುಟ್ಟುವುದಕ್ಕೆಂದೇ ಮಾವನವರು ಅದನ್ನು ಹಾಗೆ ಇಡಿಸಿದ್ದಾರೆ ಎಂದು ನಾವೆಲ್ಲ ನಂಬಿದ್ದೆವು. ಸರ್ವೆಯವರು ನಕ್ಷೆ ಬಿಡಿಸಿ, ತೋಪಿನ ಮೂಲೆಯ ಬಾಂದುಕಲ್ಲಿನಿಂದ, ಅಂದರೆ ಗಡಿ ತೋರಿಸುವ ಹಳೆಯ ಕಲ್ಲಿನಿಂದ ಸರಪಳಿ ಎಳೆಸಿಕೊಂಡು ಬಂದರು. ಅಕ್ಕನ ಪಾಯ ದಾಟಿದರು. ಟಾರು ದಾಟಿದರು. ನಮ್ಮ ಜಗಲಿ ಹತ್ತಿ ನನ್ನ ಮುಂದೆ ನಿಂತರು.

“ಮೇಡಂ, ಸ್ವಲ್ಪ ಏಳ್ತೀರಾ?”

ಎದ್ದೆ. ಅವರು ಅತ್ತೆಯನ್ನೂ ಏಳಿಸಿ, ಆ ಕಲ್ಲಿನ ಮೇಲೆ ಒಂದು ಚೊಂಬು ನೀರು ಸುರಿದು, ಸುಣ್ಣ ಅಡಿಕೆಯ ಕೊಳೆ ಉಜ್ಜಿದರು. ಕೆಳಗೆ ಉಳಿಯಿಂದ ಕೊರೆದ ಅಡ್ಡ ಗೀಟು, ಉದ್ದ ಗೀಟು.

“ಇದೇ ನೋಡಿ ಇನ್ನೊಂದು ಬಾಂದುಕಲ್ಲು. ಇಲ್ಲಿಂದ ಆ ಕಡೆಗೆ ರಸ್ತೆ.”

“ಅದು ನಂಗೋಸ್ಕರ ನಮ್ಮನೆಯವ್ರು ಇಡಿಸಿದ್ದು” ಎಂದರು ಅತ್ತೆ.

ಕಲ್ಲು ಒಂದು ಬೆರಳೂ ಕದಲಿರಲಿಲ್ಲ. ನಮ್ಮ ಮನೆಯೇ ನಡೆದು ಬಂದು ಅದರ ಮೇಲೆ ಕೂತಿತ್ತು. ನಕ್ಷೆ ಪ್ರಕಾರ ಅಕ್ಕನ ಪಾಯ ಭದ್ರ, ನಮ್ಮ ಸಾಲಿನ ಹನ್ನೆರಡು ಜಗಲಿಗಳೂ ರಸ್ತೆ. ಎದುರಿಗೆ ಅಕ್ಕ ತನ್ನ ಪಾಯದ ಮೇಲೆ ನಿಂತು, ಸೆರಗು ಬಾಯಿಗೆ ಇಟ್ಟುಕೊಂಡು ನೋಡುತ್ತಿದ್ದಳು. ಪಾಪ, ನನಗಾಗಿ ಮರುಗುತ್ತಿದ್ದಾಳೆ ಎಂದುಕೊಂಡೆ.

ಸರ್ವೆಯವರು ಮರ್ಯಾದಸ್ಥರು. ನನ್ನನ್ನು ಪಕ್ಕಕ್ಕೆ ಕರೆದರು.

“ನೀವು ಕೇಳಿದ್ರಿ ಅಂತ ಅಳೆದೆ. ಬೇಡ ಅಂತ ಒಂದು ಪತ್ರ ಕೊಟ್ರೆ ಟಾರ್ ಮಧ್ಯದಿಂದ್ಲೇ ಹಿಡಿತಾರೆ. ಯಾರೂ ಕೇಳಲ್ಲ.”

“ಅದೇ ಸರಿ ಸಾರ್, ಈಗ್ಲೇ ಬರ್ದು ಕೊಡ್ತಾಳೆ” ಎಂದರು ನಮ್ಮ ಮನೆಯವರು. ಹನ್ನೊಂದು ಜಗಲಿಗಳಿಂದಲೂ ಅದೇ ಮಾತು ಕೇಳಿಬಂತು.

ನಾನು ಬರೆದುಕೊಡಲಿಲ್ಲ. ಬರೆದುಕೊಡುವುದಿಲ್ಲ ಎಂದೂ ಹೇಳಲಿಲ್ಲ. ನಾಳೆ ಹೇಳುತ್ತೇನೆ ಎಂದೆ. ಮರುದಿನ ಹಲ್ಲುನೋವು ಎಂದು ಊರಿಗೆಲ್ಲ ಹೇಳಿ ಕೋಲಾರದ ಬಸ್ಸು ಹತ್ತಿದೆ. ಕೈಯಲ್ಲಿ ಒಂದು ಚೀಲ ಬಾದಾಮಿ ಮಾವಿನಹಣ್ಣು. ಹಲ್ಲುನೋವಿಗೆ ಮಾವಿನಹಣ್ಣು ಯಾಕೆ ಎಂದು ಯಾರೂ ಕೇಳದೆ ಇದ್ದದ್ದು ನನ್ನ ಪುಣ್ಯ.

ಜಿಲ್ಲಾ ಪಂಚಾಯಿತಿ ಕಚೇರಿಯಲ್ಲಿ ಜೆ.ಇ. ಕೂರಿಸಿ ಮಾತಾಡಿಸಿದರು. ನಾನು ಸುತ್ತಿ ಬಳಸಿ, ರಸ್ತೆಯನ್ನು ನಮ್ಮೂರ ಹತ್ತಿರ ಒಂಚೂರು ಬಗ್ಗಿಸುವುದಕ್ಕೆ ಆಗುವುದಿಲ್ಲವೇ, ಬೇಕಿದ್ದರೆ ಆ ಮನೆಯ ಪಾಯವನ್ನು ಒಂದಿಷ್ಟು ಹಿಂದಕ್ಕೆ ಸರಿಸಿದರೆ ಹೇಗೆ ಎಂದು ಕೇಳಿದೆ. ಹೌದು, ಅದನ್ನೂ ಕೇಳಿದೆ. ಅವರು ಫೈಲು ತೆಗೆದು, ನನ್ನ ಸಹಿ ಇದ್ದ ನಡವಳಿಯ ನಕಲನ್ನು ನನ್ನ ಮುಂದೆಯೇ ಓದಿದರು. ನನ್ನ ಮನೇನೇ ಹೋದ್ರೂ ಚಿಂತೆ ಇಲ್ಲ ಎಂಬಲ್ಲಿ ನಿಲ್ಲಿಸಿ ಕನ್ನಡಕದ ಮೇಲಿನಿಂದ ನೋಡಿದರು.

“ಇಂಥ ಮೆಂಬರ್ ಎಲ್ಲಾ ಕಡೆ ಇರ್ಬೇಕು ಅಂತ ನಮ್ಮ ಸಾಹೇಬ್ರಿಗೂ ತೋರಿಸಿದ್ದೀನಿ ಮೇಡಂ” ಎಂದರು. ಹಣ್ಣು ಬೇಡವೆಂದರು. ಚೀಲ ಎತ್ತಿಕೊಂಡು ವಾಪಸು ಬಂದೆ. ಬಸ್ಸಿನ ತುಂಬಾ ಹಣ್ಣಿನ ವಾಸನೆ, ಎಲ್ಲರೂ ನನ್ನ ಕಡೆಯೇ ತಿರುಗಿ ನೋಡುತ್ತಿದ್ದರು.

ಜೆಸಿಬಿ ಬಂತು. ನಮ್ಮ ಜಗಲಿಯಿಂದಲೇ ಶುರು ಮಾಡಿಸಿದೆ. ಬೇರೆ ದಾರಿ ಇರಲಿಲ್ಲ, ಹಾಗಾಗಿ ಧಾರಾಳಿಯಾದೆ. ಅತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮನೆಯವರು ಒಂದು ವಾರ ನನ್ನ ಹತ್ತಿರ ಮಾತು ಬಿಟ್ಟರು. ಸಾಲಿನವರು ಅದಕ್ಕಿಂತ ಹೆಚ್ಚು ದಿನ ಬಿಟ್ಟರು, ಮುಂದಿನ ಚುನಾವಣೆಯಲ್ಲಿ ಅದನ್ನು ಮತಪೆಟ್ಟಿಗೆಗೂ ಹೇಳಿದರು. ಅದೇ ವಾರ ಪಿಡಿಒ ಬಂದು ಅಕ್ಕನನ್ನು ಪಾಯದ ಮುಂದೆ ನಿಲ್ಲಿಸಿ ಫೋಟೊ ತೆಗೆದರು. ಗಡುವಿಗೆ ಇನ್ನು ಎರಡೇ ದಿನ ಇತ್ತು. ಊರಿನಲ್ಲಿ ನನ್ನ ತ್ಯಾಗದ ಮಾತು ಹಬ್ಬಿತು. ನಾನು ಬೇಡ ಬೇಡ ಎನ್ನುತ್ತಲೇ ಅದನ್ನು ಹಬ್ಬಲು ಬಿಟ್ಟೆ.

ಮನೆ ಮುಗಿಯಲು ಬಹಳ ತಿಂಗಳಾಯಿತು. ಒಂದು ಪಡಸಾಲೆ, ಒಂದು ಕೋಣೆ, ಅಡುಗೆಮನೆ, ಮೇಲೆ ಸಿಮೆಂಟಿನ ಮೋಲ್ಡು. ಹಾಲು ಉಕ್ಕಿಸುವ ದಿನ ಅಕ್ಕ ಮೊದಲು ನನ್ನನ್ನೇ ಕರೆದಳು. ಹೊಸ ಒಲೆಯ ಮುಂದೆ ನಾವಿಬ್ಬರೇ ಕೂತಿದ್ದೆವು. ಅಷ್ಟು ದಿನ ಎಲ್ಲರ ಬಾಯಲ್ಲಿ ಕೇಳಿದ್ದ ತ್ಯಾಗದ ಮಾತನ್ನು ಅವಳ ಬಾಯಲ್ಲೂ ಕೇಳುವ ಆಸೆ ನನಗೆ. ಅದಕ್ಕೇ ಮಾತು ತೆಗೆದೆ.

“ಆ ಕಲ್ಲು ನಮ್ಮ ಜಗಲಿ ಒಳಗೇ ಇರುತ್ತೆ ಅಂತ ಯಾರಿಗೆ ಗೊತ್ತಿತ್ತು ಹೇಳಕ್ಕ.”

“ನಾಕು ತೆಲುಸು ಅಮ್ಮಯ್ಯಾ” ಎಂದಳು. ಮನಸ್ಸಿನ ಮಾತಿಗೆ ಅವಳಿಗೆ ತೆಲುಗೇ ಬರುವುದು. “ನಂಗೊತ್ತಿತ್ತು. ನಿಮ್ಮಾವ ಆ ಜಗಲಿ ಕಟ್ಟಿಸೋವಾಗ ಮಣ್ಣು ಹೊತ್ತೋಳೇ ನಾನು. ಆ ಕಲ್ಲು ಕೀಳೋಕೆ ಹೆದರ್ಕೊಂಡು, ಸುತ್ತ ಮಣ್ಣು ತುಂಬಮ್ಮಾ ಅಂದ್ರು. ತುಂಬ್ದೆ.”

ನನಗೆ ಮೈಯೆಲ್ಲ ಉರಿದುಹೋಯಿತು. ಸೆರಗಿನ ಹಿಂದೆ ಅವಳು ಅವತ್ತು ಮರುಗುತ್ತಿರಲಿಲ್ಲ, ನಗುತ್ತಿದ್ದಳು.

“ಗೊತ್ತಿದ್ದೂ ನನ್ನ ಕೈಲೇ ನಕ್ಷೆ ತರಿಸ್ದೆ. ಮೊದ್ಲೇ ಒಂದು ಮಾತು ಹೇಳ್ಬಾರ್ದಾಗಿತ್ತಾ ಅಕ್ಕ? ನಾನೇನು ಬೇರೆಯೋಳಾ?”

ಅಕ್ಕ ಒಲೆಯ ಉರಿ ಸಣ್ಣಗೆ ಮಾಡಿದಳು. ಅವಳ ದನಿಯಲ್ಲಿ ಕುಹಕ ಇರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆನ್ನುವವಳ ಹಾಗೆ ನನ್ನ ಮುಖ ನೋಡಿದಳು.

“ಹೇಳಿದ್ರೆ ಕೇಳ್ತಿದ್ಯೇನಮ್ಮೀ, ನಕ್ಷೆನ?”

ಖಂಡಿತ ಕೇಳುತ್ತಿದ್ದೆ ಎನ್ನಲು ಬಾಯಿ ತೆರೆದೆ. ಒಂದು ಅವಧಿ ಪೂರ್ತಿ ಮೆಂಬರಾಗಿದ್ದವಳು, ಸುಳ್ಳು ನನಗೆ ಹೊಸದಲ್ಲ. ಆದರೆ ಅವಳ ಹೊಸ ಮನೆಯೊಳಗೆ ಕೂತು ಆ ಒಂದು ಸುಳ್ಳು ಹೇಳುವುದಕ್ಕೆ ನನ್ನಿಂದ ಆಗಲಿಲ್ಲ. ಬಗ್ಗಿ ಒಲೆ ಊದಿದೆ, ಹಾಲು ಉಕ್ಕಿತು.