ಎಲ್ಲರೂ ನೋಡಿದ ಸಿನಿಮಾ

ನಮ್ಮೂರಿನಲ್ಲಿ ಹಗಲು ಹೊತ್ತಿನಲ್ಲಿ ಪೂರ್ತಿ ಕತ್ತಲೆ ಸಿಗುವ ಜಾಗವೆಂದರೆ ತಂಬಾಕು ಬೇಯಿಸುವ ಬ್ಯಾರನ್ ಒಂದೇ. ಎತ್ತರದ ಗೋಡೆ, ಬಗ್ಗಿ ಒಳಹೋಗಬೇಕಾದ ಗಿಡ್ಡ ಬಾಗಿಲು, ಕಿಟಕಿ ಎಂಬುದಿಲ್ಲ. ಹೊಗೆಸೊಪ್ಪಿನ ಕಾಲ ಮುಗಿದು ಫೆಬ್ರವರಿ ಬಂತೆಂದರೆ ಅದು ಖಾಲಿ ಬಿದ್ದಿರುತ್ತದೆ. ಅಲ್ಲಿ ಸಿನಿಮಾ ತೋರಿಸಬಹುದು ಎಂದು ಮೊದಲು ಹೇಳಿದವಳು ನಾನು. ಇದನ್ನು ಬರೆದಿಡಲು ಕಾರಣವಿದೆ. ಈಗ ಊರಿನಲ್ಲಿ ಯಾರನ್ನು ಕೇಳಿದರೂ ಅದು ನನ್ನ ತಮ್ಮನ ಐಡಿಯಾ ಎನ್ನುತ್ತಾರೆ.

ನಾನು ಹುಣಸೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿ. ಮೈಸೂರಿನಲ್ಲಿ ಓದುವಾಗ, ರಜೆಯ ದಿನ ಹಾಸ್ಟೆಲಿನ ಗೆಳತಿಯರ ಜೊತೆ ಬೆಳಗಿನಿಂದ ಸಂಜೆಯವರೆಗೆ ಸೈನ್ಸ್ ಫಿಕ್ಷನ್ ಸಿನಿಮಾಗಳನ್ನು ಒಂದರ ಹಿಂದೊಂದು ನೋಡುವ ಅಭ್ಯಾಸವಾಗಿತ್ತು. ಅದಕ್ಕೆ ಮ್ಯಾರಥಾನ್ ಎನ್ನುತ್ತಿದ್ದೆವು. ನಾನು ಹೆಚ್ಚು ಮಾತಾಡುವವಳಲ್ಲ. ಜನರ ನಡುವೆ ಕೂತೂ ಮಾತಾಡದೆ ಇರುವುದಕ್ಕೆ ಅದಕ್ಕಿಂತ ಒಳ್ಳೆಯ ಉಪಾಯ ನನಗೆ ಇವತ್ತಿಗೂ ಗೊತ್ತಿಲ್ಲ. ಊರಿಗೆ ಮರಳಿದ ಮೇಲೆ ಅದು ತಪ್ಪಿಹೋಗಿತ್ತು. ಹೋದ ವರ್ಷ ಒಂದು ದಿನ ಖಾಲಿ ಬ್ಯಾರನ್ನಿನೊಳಗೆ ನಿಂತು ತಮ್ಮನಿಗೆ ಈ ವಿಷಯ ಹೇಳಿದೆ. ಅವನು ಅದನ್ನು ತನ್ನ ಇಬ್ಬರು ಸ್ನೇಹಿತರಿಗೆ ಹೇಳಿದ. ಒಬ್ಬ ಗೂಡ್ಸ್ ಆಟೊ ಓಡಿಸುತ್ತಾನೆ. ಇನ್ನೊಬ್ಬ ಹುಣಸೂರಿನ ಫೋಟೊ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಾನೆ. ಪ್ರೊಜೆಕ್ಟರ್ ತರುವುದು ಅವನ ಜವಾಬ್ದಾರಿ. ಒಂದು ಭಾನುವಾರ ಮೂರು ಸಿನಿಮಾ ತೋರಿಸುವುದೆಂದು ತೀರ್ಮಾನವಾಯಿತು. ಯಾವ ಮೂರು ಎಂಬುದನ್ನು ನಾನು ಆರಿಸಬೇಕಂತೆ, ಏಕೆಂದರೆ ಓದಿದವಳು ನಾನು.

ನಾನು ಗಂಭೀರವಾಗಿ ಯೋಚಿಸಿ ಆರಿಸಿದೆ. ಅದರಲ್ಲಿ ಒಂದು, ದೂರದ ಒಂದು ಸಣ್ಣ ದೇಶದವರು ಮಾಡಿದ ಹಳೆಯ ಕಪ್ಪು ಬಿಳುಪು ಸಿನಿಮಾ. ಒಬ್ಬ ಮುದುಕ, ಅವನದೊಂದು ಎತ್ತು, ಒಂದು ಹೊಲ. ಒಂದು ಬೆಳಿಗ್ಗೆ ಆಕಾಶದಿಂದ ಆ ಹೊಲಕ್ಕೆ ಏನೋ ಬಂದು ಬಿದ್ದಿರುತ್ತದೆ. ಮುದುಕ ಅದನ್ನು ಮುಟ್ಟದೆ ಸುತ್ತ ಬಳಸಿ ಉಳುತ್ತಾನೆ, ಬಿತ್ತುತ್ತಾನೆ, ಕೊಯ್ಯುತ್ತಾನೆ. ಮಾತು ಬಹಳ ಕಡಿಮೆ, ಹಾಗಾಗಿ ಭಾಷೆ ಬರದಿದ್ದರೂ ತೊಂದರೆಯಿಲ್ಲ. ನನ್ನ ತಲೆಯಿಂದ ಹೋಗದ ಸಿನಿಮಾ ಅದು.

ನಮ್ಮ ಮನೆಯ ಜಗಲಿಯ ಮೇಲೆ ಕೂತು ಇದನ್ನು ವಿವರಿಸಿದೆ. ಮೂವರೂ ಕೇಳಿದರು.

"ಬಿದ್ದಿದ್ದು ಏನಕ್ಕ?" ಎಂದ ಆಟೊದವನು.

"ಗೊತ್ತಾಗೋದಿಲ್ಲ."

"ಕೊನೆಗೂ?"

"ಕೊನೆಗೂ."

"ಮುದುಕಂಗೂ ಗೊತ್ತಿಲ್ಲ, ನಿಮ್ಗೂ ಗೊತ್ತಿಲ್ಲ, ನೋಡೋರ್ಗೂ ಗೊತ್ತಾಗಲ್ಲ. ಅಷ್ಟೂ ಜನಕ್ಕೆ ಯಾಕಕ್ಕ ತೊಂದ್ರೆ?"

ಸ್ಟುಡಿಯೋದವನು ನಗುತ್ತಾ, "ಇದು ಸಿನಿಮಾನಾ ಇಲ್ಲ ಕೃಷಿ ಇಲಾಖೆಯೋರು ಮಾಡಿದ್ದಾ?" ಎಂದ.

ತಮಾಷೆಗೆ ನನಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ತಮ್ಮ ಹೇಳಿದ ಮಾತಿಗೆ. "ನಮ್ ಜನಕ್ಕೆ ಇದೆಲ್ಲ ಅರ್ಥ ಆಗಲ್ಲ ಬುಡಕ್ಕ." ನಮ್ಮ ಜನ ಎಂದರೆ ಯಾರು? ಹೊಲ, ಎತ್ತು, ಮುದುಕ, ಇದರಲ್ಲಿ ಯಾವುದು ಅರ್ಥವಾಗುವುದಿಲ್ಲ? ಉಳುವ ಜಾಗದಲ್ಲಿ ಬಂಡೆ ಇದ್ದರೆ ಬಳಸಿಕೊಂಡು ಹೋಗುವುದನ್ನು ಅವನೇ ಎಷ್ಟು ಸಲ ಮಾಡಿಲ್ಲ? ಆ ಸಂಜೆ ಮೈಸೂರಿನ ಗೆಳತಿಗೆ ಫೋನ್ ಮಾಡಿ ದೂರಿಕೊಂಡೆ. ಅವಳು, "ಅಯ್ಯೋ, ಆ ಸಿನಿಮಾನ ಹಳ್ಳಿಯಲ್ಲಿ ತೋರಿಸ್ತೀಯಾ? ಪಾಪ ಕಣೇ ಅವರು" ಎಂದಳು. ತಮ್ಮ ಹೇಳಿದ್ದನ್ನೇ ಅವಳು ಕರುಣೆ ಸೇರಿಸಿ ಹೇಳಿದಳು. ತಮ್ಮನದೇ ವಾಸಿ ಅನ್ನಿಸಿತು.

ಮೂರು ದಿನ ಜಗಳವಾಡಿ ಒಂದು ಒಪ್ಪಂದಕ್ಕೆ ಬಂದೆವು. ಬೆಳಿಗ್ಗೆ ನನ್ನ ಸಿನಿಮಾ. ಹೊಸ ವಿಷಯವೆಂದು ಬೆಳಿಗ್ಗೆ ಊರೆಲ್ಲ ಬಂದೇ ಬರುತ್ತದೆ. ಮಧ್ಯಾಹ್ನ ಯಂತ್ರಮಾನವರ ಒಂದು ಸಿನಿಮಾ. ಅದಕ್ಕೆ ಯಾರ ತಕರಾರೂ ಇರಲಿಲ್ಲ. ಸಂಜೆ ಅವರ ಆಯ್ಕೆ. ಅದು ಕನ್ನಡಕ್ಕೆ ಡಬ್ ಆಗಿ ಭಾನುವಾರಗಳಂದು ಟೀವಿಯಲ್ಲಿ ಬಂದು ಬಂದು ಸವೆದುಹೋಗಿರುವ ದೊಡ್ಡ ಸಿನಿಮಾ. ಆಕಾಶಕ್ಕೆ ಒಂದು ಕಬ್ಬಿಣದ ಮುಚ್ಚಳ ಬಂದು ಕೂತು ಮಳೆ ನಿಂತುಹೋಗುತ್ತದೆ, ನಾಯಕ ವಿಮಾನದಲ್ಲಿ ಹೋಗಿ ಅದನ್ನು ಒಡೆಯುತ್ತಾನೆ.

"ಅದನ್ನ ಎಲ್ಲರೂ ನೋಡಿದ್ದಾರೆ," ಎಂದು ನಾನು ಕೊನೆಯ ಸಲ ಗೊಣಗಿದೆ.

"ಎಲ್ರೂ ನೋಡವ್ರೆ ಅಂತ್ಲೇ ಆಕೋದು ಕಣಕ್ಕ. ಎಲ್ರಿಗೂ ಇಷ್ಟ," ಎಂದ ತಮ್ಮ.

ಬಾಗಿಲ ಬಳಿ ಕೂತು ಅವರೆಕಾಯಿ ಸುಲಿಯುತ್ತಿದ್ದ ಅವ್ವ ತಲೆಯೆತ್ತದೆ, "ನಾನು ನೋಡಿಲ್ಲ," ಎಂದಳು.

"ನೋಡಿದ್ದೀಯ ಬುಡವ್ವ. ನನ್ ಪಕ್ಕದಲ್ಲೇ ಕುಂತು ನೋಡಿದ್ದೀಯ."

"ಅರ್ಧ ನೋಡಿವ್ನಿ. ಬೆಟ್ಟದ್ ಮ್ಯಾಲೆ ಆ ಎಂಗ್ಸು ಒಬ್ಳೇ ಉಳ್ಕೊತಾಳಲ್ಲ, ಎಲ್ರೂ ಓಡೋದ್ಮೇಲೆ, ವಯರ್‌ಲೆಸ್ ಇಡ್ಕೊಂಡು? ವಿಮಾನಕ್ಕೆ ದಾರಿ ಏಳ್ತಾ ಕುಂತಿರ್ತಾಳೆ. ಅವ್ಳು ಕುಂತಿರೋ ಕೋಣೆ ಸೂರು ಬಿರುಕು ಬುಡುತ್ತೆ. ಅಷ್ಟೊತ್ಗೆ ನಮ್ ಕರ ಕೂಗ್ತದೆ. ಆಮ್ಯಾಕೆ ಅವ್ಳು ಏನಾದ್ಲು?"

ನಮ್ಮ ನಾಲ್ವರಲ್ಲಿ ಯಾರಿಗೂ ಆ ಹೆಂಗಸು ನೆನಪಿರಲಿಲ್ಲ. ನಾನೂ ಅದನ್ನು ಹಾಸ್ಟೆಲಿನಲ್ಲಿ, ನಗುವುದಕ್ಕೆಂದೇ, ನೋಡಿದ್ದೆ. ನನಗೂ ನೆನಪಿರಲಿಲ್ಲ.

"ಎಷ್ಟ್ ಸಲ ಕೇಳಿವ್ನಿ ಇವನ್ನ," ಎಂದು ಅವ್ವ ತಮ್ಮನನ್ನು ತೋರಿಸಿದಳು. "ಕೊನೇಗೆ ಎಲ್ಲಾ ಸರಿಓಯ್ತದೆ ಕಣವ್ವ ಅಂತಾನೆ. ಎಲ್ಲಾ ಅಂದ್ರೆ?"

ಆಗ ನನಗೆ ಲೆಕ್ಕ ಹೊಳೆಯಿತು. ಆ ಸಿನಿಮಾ ಟೀವಿಯಲ್ಲಿ ಯಾವಾಗಲೂ ಒಂದೇ ಹೊತ್ತಿಗೆ ಶುರುವಾಗುತ್ತಿತ್ತು. ಅದೇ ಜಾಗಗಳಲ್ಲಿ ಜಾಹೀರಾತು, ಅದೇ ಜಾಗದಲ್ಲಿ ಸಂಜೆಯ ಹಾಲಿನ ಹೊತ್ತು. ಹಾಲು ಕರೆದು ಡೈರಿಗೆ ಹಾಕಿ ಅವ್ವ ವಾಪಸು ಬರುವಷ್ಟರಲ್ಲಿ ಟೀವಿಯಲ್ಲಿ ಬೇರೇನೋ ಓಡುತ್ತಿರುತ್ತಿತ್ತು. ಅವ್ವ ಮಾತ್ರವಲ್ಲ, ನಮ್ಮ ಬೀದಿಯಲ್ಲಿ ಹಸು ಇರುವ ಯಾವ ಮನೆಯ ಹೆಂಗಸೂ ಆ ಸಿನಿಮಾದ ದ್ವಿತೀಯಾರ್ಧ ನೋಡಿರಲು ಸಾಧ್ಯವಿಲ್ಲ. ಮೂರು ದಿನದಿಂದ ನಾವು "ಎಲ್ಲರೂ ನೋಡಿದ" ಎಂದು ಹೇಳುತ್ತಲೇ ಇದ್ದೆವು. ಅದನ್ನೀಗ ಇವರು ಮತ್ತೆ ಹಾಲಿನ ಹೊತ್ತಿಗೇ ಹಾಕಲು ಹೊರಟಿದ್ದರು.

"ಅವತ್ತೊಂದು ಸಂಜೆ ನೀನು ಹಾಲು ಕರಿ," ಎಂದೆ ತಮ್ಮನಿಗೆ.

ಎಲ್ಲರೂ ನಕ್ಕರು. ಅವ್ವನೂ ನಕ್ಕಳು, ಅದು ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸಿತು. "ಅವನ್ ಕೈಗೆ ಹಸ ಆಲು ಕೊಟ್ಟಂಗೇಯ," ಎಂದಳು. ಕೊಡುವುದಿಲ್ಲವೆಂದು ಯಾರಿಗೆ ಹೇಗೆ ಗೊತ್ತು? ಅವನು ಒಂದು ದಿನವೂ ಕೆಚ್ಚಲು ಮುಟ್ಟಿದವನಲ್ಲ. ಅಪ್ಪ ಬೆಳಿಗ್ಗೆ ಕ್ಯಾನನ್ನು ಡೈರಿಗೆ ಹೊತ್ತುಕೊಂಡು ಹೋಗುತ್ತಾರೆ, ಅಲ್ಲಿಗೆ ಗಂಡಸರ ಪಾಲು ಮುಗಿಯಿತು. ನನ್ನನ್ನು ಹೈಸ್ಕೂಲಿಗೇ ಹಾಸ್ಟೆಲಿಗೆ ಕಳಿಸಿದ ಅವ್ವ, ಕೊಟ್ಟಿಗೆಯ ಕೆಲಸ ಕಲಿಯಲು ನನ್ನನ್ನು ಬಿಡಲಿಲ್ಲ.

"ಹಾಗಾದರೆ ಅದನ್ನು ಬೆಳಿಗ್ಗೆಗೆ ಹಾಕಿ," ಎಂದೆ.

"ಬೆಳಿಗ್ಗೇಗೇ ಅದ್ನ ಆಕ್ಬುಟ್ರೆ ಸಂಜೆಗಂಟ ಯಾವನ್ ಕುಂತ್ಕೊತಾನೆ?" ಎಂದ ಆಟೊದವನು. ಆಮೇಲೆ ಸ್ವಲ್ಪ ಯೋಚಿಸಿ, "ಒಂದ್ ಕೆಲ್ಸ ಮಾಡನ. ನಿಮ್ ಮುದುಕನ್ನ ಸಂಜೆಗೆ ಆಕಿ. ಅಷ್ಟೊತ್ಗೆ ನಾವೆಂಗೂ ವಾಲಿಬಾಲ್‌ಗೆ ಓಯ್ತೀವಿ," ಎಂದ.

ಬೆಳಗಿನ ಸರದಿ ನಾನು ಮೂರು ದಿನ ಜಗಳವಾಡಿ ಗೆದ್ದದ್ದು. ಸಂಜೆಗೆ ಹಾಕಿದರೆ ನನ್ನ ಸಿನಿಮಾವನ್ನು ಯಾರೂ ನೋಡುವುದಿಲ್ಲ ಎಂಬುದು ಅವನಿಗೂ ಗೊತ್ತು, ನನಗೂ ಗೊತ್ತು. ಅವ್ವ ಅವರೆಕಾಯಿಯ ಸಿಪ್ಪೆಯನ್ನು ಮೊರದ ಒಂದು ಪಕ್ಕಕ್ಕೆ ತಳ್ಳುತ್ತಾ, ತನಗೇನೂ ಸಂಬಂಧವಿಲ್ಲದವಳ ಹಾಗೆ ಕೂತಿದ್ದಳು. ಆಗಲಿ ಎಂದೆ.

ಭಾನುವಾರ ಬ್ಯಾರನ್ನಿನ ಒಳಗೆ ಬಿಸಿ ಹಾಯಿಸುವ ಕಬ್ಬಿಣದ ಕೊಳವೆಗಳನ್ನು ಬಿಚ್ಚಿ ಹೊರಗಿಟ್ಟು, ಒಂದು ಗೋಡೆಗೆ ಸುಣ್ಣ ಬಳಿದು, ನೆಲಕ್ಕೆ ಗೋಣಿತಾಟು ಹಾಸಿದ್ದರು. ಸೊಪ್ಪಿನ ಘಾಟು ಇನ್ನೂ ಇತ್ತು. ಬಂದವರೆಲ್ಲ ಒಂದೊಂದು ಸಲ ಸೀನಿ ಕೂತರು. ಅವ್ವ ಮುಂದಿನ ಸಾಲಿನಲ್ಲಿ, ಒಗೆದ ಸೀರೆ ಉಟ್ಟು, ಪರೀಕ್ಷೆಗೆ ಬಂದವಳ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಬೀದಿಯ ಹೆಂಗಸರೆಲ್ಲ ಅವಳ ಹಿಂದೆ.

ಮೊದಲರ್ಧದ ಮಾತುಗಳು ಅವಳಿಗೆ ಬಾಯಿಪಾಠವಾಗಿದ್ದವು. ಬೆಟ್ಟದ ಮೇಲಿನ ದೃಶ್ಯ ಬಂತು. ಹೆಂಗಸು ವಯರ್‌ಲೆಸ್ ಹಿಡಿದು ದಾರಿ ಹೇಳುತ್ತಿದ್ದಾಳೆ, ಸೂರು ಬಿರಿಯಿತು. ಅವ್ವ ಸೆರಗು ಸರಿಪಡಿಸಿಕೊಂಡು ಅರ್ಧ ಮೇಲೆದ್ದಳು. ಆಮೇಲೆ ನೆನಪಾಗಿ ಮತ್ತೆ ಕೂತಳು. ಹಿಂದೆ ಇನ್ನೂ ಒಬ್ಬಿಬ್ಬರು ಹಾಗೆಯೇ ಎದ್ದು ಕೂತದ್ದನ್ನು ನೋಡಿದೆ.

ಅಲ್ಲಿಂದ ಮುಂದೆ ವಿಮಾನ, ಬೆಂಕಿ, ಸದ್ದು. ಮುಚ್ಚಳ ಒಡೆಯಿತು, ಮಳೆ ಬಂತು, ನಾಯಕ ಯಾವುದೋ ದೊಡ್ಡ ನಗರದಲ್ಲಿ ಇಳಿದ, ಜನ ಬಾವುಟ ಬೀಸಿದರು. ಹುಡುಗರು ಶಿಳ್ಳೆ ಹೊಡೆದರು. ಗೋಡೆಯ ಮೇಲೆ ಹೆಸರುಗಳು ಬರತೊಡಗಿದವು. ಅವ್ವ ಕದಲಲಿಲ್ಲ.

"ಇನ್ನೂ ಐತೇನ್ಲಾ?"

"ಮುಗೀತು ಕಣವ್ವ."

"ಅವ್ಳು?"

"ಯಾರವ್ವ?"

"ಬೆಟ್ಟದ್ ಮ್ಯಾಲೆ ಇದ್ದೋಳು!"

"ಸತ್ತೋದ್ಲು ಅನ್ಸುತ್ತೆ ದೊಡ್ಡವ್ವ," ಎಂದ ಆಟೊದವನು.

"ಅನ್ಸುತ್ತೆ ಅಂದ್ರೇನ್ಲಾ? ಸತ್ರೆ ಸತ್ಲು ಅಂತ ತೋರುಸ್ಬೇಕು, ಬದುಕಿದ್ರೆ ಬದುಕವ್ಳೆ ಅಂತ ತೋರುಸ್ಬೇಕು."

"ಅವ್ಳು ಮೇನ್ ಅಲ್ಲ ಕಣ್ ದೊಡ್ಡವ್ವ."

"ದಾರಿ ಏಳಿದ್ದು ಯಾರು? ಅವ್ಳು ಬಾಯ್ ಮುಚ್ಕೊಂಡು ಎಲ್ರ ಜೊತೆ ಇಳ್ದೋಗಿದ್ರೆ ಇವ್ನು ಆಕಾಸ್ದಲ್ಲಿ ಎಲ್ ಡಿಕ್ಕಿ ಒಡ್ಕೊತಿದ್ನೋ. ಇಳ್ದು ಬಂದೋನು ಒಂದ್ ಮಾತು ಕೇಳ್ಬಾರ್ದಾ, ಅವ್ಳು ಎಲ್ಲಿ ಅಂತ? ಬಾವುಟ ನೋಡ್ಕೊಂಡು ನಗ್ತಾನೆ, ಮುಂಡೇಮಗ!"

ಹಿಂದಿನ ಸಾಲಿನಿಂದ ಪಕ್ಕದ ಮನೆಯವರು, "ಬುಡಕ್ಕ, ಸಿನಿಮಾ ಅದು," ಎಂದರು. ಇನ್ನೊಬ್ಬರು, "ಅದೆಂಗ್ ಬುಡಾದು? ನಾನೂ ಅದ್ನೇ ಕಾಯ್ತಾ ಕುಂತಿದ್ದೆ," ಎಂದರು. ಸ್ಟುಡಿಯೋದವನು, ತಾನೇ ಆ ಸಿನಿಮಾ ತೆಗೆದವನ ಹಾಗೆ, ತಲೆ ತಗ್ಗಿಸಿಕೊಂಡು ವಯರುಗಳನ್ನು ಸರಿಮಾಡುತ್ತಿದ್ದ. ಇಷ್ಟು ವರ್ಷ ಅವ್ವನಿಗೆ ತಮ್ಮ ಕೊನೆ ಹೇಳಲಾರದೆ ಹೋದದ್ದು ಮರೆವಿನಿಂದಲ್ಲ, ಆ ಕೊನೆ ಸಿನಿಮಾದಲ್ಲೇ ಇರಲಿಲ್ಲ. ಕೋಟಿಗಟ್ಟಲೆ ಜನ ನೋಡಿ ಚಪ್ಪಾಳೆ ತಟ್ಟಿದ ಸಿನಿಮಾ. ಒಬ್ಬರಾದರೂ ಕೇಳಿರಬಾರದೆ?

ಮಧ್ಯಾಹ್ನದ ಯಂತ್ರಮಾನವರನ್ನು ಅವ್ವ ನೋಡಲಿಲ್ಲ. ಮನೆಗೆ ಹೋಗಿ ಸಿಟ್ಟಿನಲ್ಲೇ ಮುದ್ದೆ ತಿರುವಿದಳು. ಆಟೊದವನ ಲೆಕ್ಕ ತಪ್ಪಿರಲಿಲ್ಲ. ಸಂಜೆಯ ಹೊತ್ತಿಗೆ ಬ್ಯಾರನ್ ಹೆಚ್ಚುಕಡಿಮೆ ಖಾಲಿಯಾಗಿತ್ತು. ನಾನು ಯಾರಿಗೂ ಕಾಯದೆ ಸಿನಿಮಾ ಹಾಕಿದೆ. ಮುದುಕ ಹೊಲಕ್ಕೆ ಬರುವಷ್ಟರಲ್ಲಿ ಅವ್ವ ಬಗ್ಗಿಕೊಂಡು ಒಳಬಂದು ನನ್ನ ಪಕ್ಕ ಕೂತಳು. ಎತ್ತನ್ನು ನೋಡಿ, "ಒಳ್ಳೆ ಎತ್ತು," ಎಂದಳು.

ಆಕಾಶದಿಂದ ಬಿದ್ದದ್ದರ ಸುತ್ತ ಮೊದಲ ಸಾಲು ಉಳುತ್ತಿದ್ದಾಗ ಹೊರಗೆ ನಮ್ಮ ಕರು ಕೂಗಿತು. ವಾಲಿಬಾಲಿಗೆ ಹೊರಟಿದ್ದ ತಮ್ಮ ಬಾಗಿಲಲ್ಲಿ ತಲೆ ಹಾಕಿದ.

"ಅವ್ವ, ಕರ ಬಡ್ಕೊತೈತೆ."

"ಕೇಳುಸ್ತು. ಓಗಿ ಆಲು ಕರಿ."

"ನಾನಾ?"

"ಬೆಳಿಗ್ಗೇದ್ರಲ್ಲಂತೂ ಪೂರ್ತಿ ತೋರುಸ್ಲಿಲ್ಲ. ಇದ್ನ ಪೂರ್ತಿ ನೋಡ್ಬುಟ್ಟೇ ನಾನು ಏಳಾದು."

"ನಂಗ್ ಬರಲ್ಲ ಕಣವ್ವ!"

"ನಂಗೇನ್ ಉಟ್ತಾಲೇ ಬತ್ತಿತ್ತಾ?"

ಅವ್ವ ಗೋಡೆಯಿಂದ ಕಣ್ಣು ತೆಗೆಯಲಿಲ್ಲ. ಅವನು ಹೋದ. ಆಮೇಲೆ ಕೊಟ್ಟಿಗೆಯ ಕಡೆಯಿಂದ ಪಾತ್ರೆ ಉರುಳಿದ ಸದ್ದು, ಬೈಗುಳ, ಮತ್ತೆ ಪಾತ್ರೆಯ ಸದ್ದು. ಅರ್ಧ ಕ್ಯಾನಿಗೂ ಕಡಿಮೆ ಹಾಲು ಸಿಕ್ಕಿತಂತೆ. ಆ ಒಂದು ಸಂಜೆ ಅವನು ಹಾಲು ಕರೆದದ್ದನ್ನು ಊರು ಇವತ್ತಿಗೂ ಹೇಳುತ್ತದೆ. ಡೈರಿಯ ಸಾಲಿನಲ್ಲಿ ಹೇಳುತ್ತಾರೆ, ರಾವಂದೂರಿನ ಚಿಕ್ಕಮ್ಮನ ಮನೆಯಲ್ಲೂ ಹೇಳುತ್ತಾರೆ, ಪಾಪ, ಎಂಥ ಹುಡುಗ, ತಾಯಿಗೋಸ್ಕರ ಎಂಥ ಕೆಲಸ ಮಾಡಿದ ಎಂದು. ಅದರ ಹಿಂದಿನ ಸಂಜೆ, ಅದರ ಹಿಂದಿನ ಸಂಜೆ, ನಾನು ಹುಟ್ಟುವ ಮೊದಲಿನ ಸಂಜೆಗಳಲ್ಲಿ ಹಾಲು ಕರೆದವಳ ಬಗ್ಗೆ ಯಾರೂ ಏನನ್ನೂ ಹೇಳಿದ್ದು ನನಗೆ ನೆನಪಿಲ್ಲ.

ನನ್ನ ಸಿನಿಮಾದ ವಿಷಯಕ್ಕೆ ಬಂದರೆ, ಅವ್ವ ಅದನ್ನು ಪೂರ್ತಿ ನೋಡಲಿಲ್ಲ. ಮುದುಕ ಬಿತ್ತುವ ಹೊತ್ತಿಗೆ ಅವಳ ತಲೆ ನನ್ನ ಹೆಗಲಿಗೆ ಬಂತು. ಕೊಯ್ಲಿನ ಹೊತ್ತಿಗೆ ಬಾಯಿ ತೆರೆದುಕೊಂಡು ಗಾಢವಾಗಿ ನಿದ್ದೆ ಮಾಡುತ್ತಿದ್ದಳು. ಹೊರಗೆ ಬೆಳಕಿರುವಾಗ ಅವಳು ನಿದ್ದೆ ಮಾಡಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ, ಜ್ವರ ಬಂದಾಗಲೂ. ಹೆಗಲು ಅಲುಗಿಸದೆ ಕೂತು, ನನಗೆ ಮೊದಲೇ ಗೊತ್ತಿದ್ದ ಕೊನೆಯನ್ನು ನೋಡಿದೆ.

ಗೋಡೆ ಬಿಳಿಯಾದಾಗ ಅವಳಿಗೆ ಎಚ್ಚರವಾಯಿತು.

"ಮುಗೀತಾ?"

"ಮುಗೀತವ್ವ."

"ಬಿದ್ದಿತ್ತಲ್ಲ, ಅದು ಏನಂತೆ?"

"ಹೇಳಲಿಲ್ಲ."

"ಇದ್ರಲ್ಲೂ ಏಳ್ಲಿಲ್ವಾ?" ಅವಳ ಮುಖ ಮತ್ತೆ ಗಂಟಾಯಿತು. "ಆ ಎತ್ತು? ಅದ್ನೂ ಎಲ್ಲಾದ್ರೂ ಬುಟ್ಬುಟ್ರಾ?"

"ಇಲ್ಲ. ಕೊನೆಯವರೆಗೂ ಇತ್ತು. ಅವನು ಅದಕ್ಕೆ ನೀರು ಕುಡಿಸಿ ಕಟ್ಟಿಹಾಕೋದೇ ಕೊನೆ."

"ಅಂಗಂದ್ರೆ ವಾಸಿ," ಎಂದು ಅವ್ವ ಮೇಲೆದ್ದು, ಸೀರೆಗೆ ಅಂಟಿದ್ದ ಗೋಣಿಯ ನಾರನ್ನು ಕೊಡವಿಕೊಂಡು, ಹಸುವನ್ನು ತಮ್ಮ ಏನು ಮಾಡಿಟ್ಟಿದ್ದಾನೋ ನೋಡುವುದಕ್ಕೆ ಬಗ್ಗಿ ಹೊರಗೆ ಹೋದಳು.